ಹಸಿರಿನಲ್ಲಿ ನಿಂತ ಮುಳ್ಳು

ಹನ್ನೊಂದನೇ ತಾರೀಖು, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಯೊಳಗೆ ಬಂದ ಹೆಂಗಸು ಹಳೆಯ ಹೊದಿಕೆಯಲ್ಲಿ ಸುತ್ತಿದ್ದ ಭಾರದ ವಸ್ತುವೊಂದನ್ನು ಎದೆಗವಚಿಕೊಂಡಿದ್ದಳು. ಅದನ್ನು ತಂದು ರೈಟರ್‌ನ ಮೇಜಿನ ಮೇಲೆ ಇಳಿಸಿದಾಗ ಮೇಜು ಕಿರುಗುಟ್ಟಿತು. ಠಾಣೆಯ ಬರವಣಿಗೆಯನ್ನೆಲ್ಲ ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ ಆ ಹೆಡ್ ಕಾನ್‌ಸ್ಟೇಬಲನನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಿದ್ದರು.

"ಏನಮ್ಮ ಇದು?"

"ಬೆಂಕಿ ಆರಿಸೋ ಸಿಲಿಂಡರ್. ಇದರ ಮೇಲೆ ದೂರು ಕೊಡ್ಬೇಕು."

"ಸಿಲಿಂಡರ್ ಮೇಲಾ? ಆರೋಪಿ ಅಂತ ಇದರ ಹೆಸರೇ ಬರ್ಕೊಳ್ಳಾ?"

ಹೆಂಗಸು ನಗಲಿಲ್ಲ. ಹೊದಿಕೆ ಬಿಚ್ಚುವಾಗ ಅವಳ ಎರಡೂ ಅಂಗೈಗೆ ಸುತ್ತಿದ್ದ ಬ್ಯಾಂಡೇಜು ಕಂಡಿತು. ರೈಟರ್ ನಾಲಿಗೆ ಕಚ್ಚಿಕೊಂಡು, ಎದ್ದು ಕುರ್ಚಿ ಎಳೆದುಕೊಟ್ಟ.

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಬಂದು ಎದುರಿಗೆ ಕುಳಿತಳು. ಒಂಬತ್ತು ದಿನದ ಹಿಂದೆ, ಎರಡನೇ ತಾರೀಖು ಮಧ್ಯಾಹ್ನ ಮೂರು ಹತ್ತಕ್ಕೆ, ಸ್ಪಂಜಿನ ಹಾಸಿಗೆ ಹೊಲಿಯುವ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಒಬ್ಬಳು ಸತ್ತಿದ್ದಳು. ಸ್ವಿಚ್ ಬೋರ್ಡಿನ ಕಿಡಿ ಎಂದು ತಿಳಿದು ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಾಗಿತ್ತು. ಸತ್ತವಳು ಈಕೆಯ ಅಕ್ಕ.

"ಅಕ್ಕ ಎಲ್ಲಿದ್ಲು?"

"ಒಳಗೆ, ಸ್ಪಂಜು ಕತ್ತರಿಸೋ ಕೋಣೆಯಲ್ಲಿ. ಬೆಂಕಿ ಬಾಗಿಲ ಹತ್ರ. ಇಷ್ಟೇ ಇತ್ತು ಮೇಡಂ, ಒಂದು ದಿಂಬಿನಷ್ಟು. ಗೋಡೆಯಿಂದ ಇದನ್ನ ತೆಗ್ದೆ, ಪಿನ್ ಕಿತ್ತೆ, ಒತ್ತಿದೆ. ಏನೂ ಬರ್ಲಿಲ್ಲ."

"ಎಷ್ಟು ಸಲ ಒತ್ತಿದ್ರಿ?"

"ಎಣಿಸ್ಲಿಲ್ಲ. ಅಕ್ಕ ಒಳಗಿಂದ 'ಹೊಡಿ, ಹೊಡಿ' ಅಂತಿದ್ಲು. ಆಮೇಲೆ ಅನ್ಲಿಲ್ಲ."

"ಇದು ನಿಮ್ಮ ಕೈಗೆ ಹೇಗೆ ಬಂತು?"

"ಕೈಯಲ್ಲೇ ಇತ್ತು. ಜನ ನನ್ನ ಆಚೆ ಎಳ್ಕೊಂಡು ಬಂದಾಗ್ಲೂ ಬಿಟ್ಟಿರ್ಲಿಲ್ಲ. ಯಾರೂ ಕೇಳ್ಲೂ ಇಲ್ಲ."

ಕೇಳಬೇಕಾಗಿದ್ದು ತಾವೇ ಎಂಬುದು ಇನ್ಸ್‌ಪೆಕ್ಟರಿಗೆ ಚುರುಕ್ಕೆಂದಿತು. ಅವಳು ಸಿಲಿಂಡರನ್ನು ತನ್ನ ಕಡೆ ತಿರುಗಿಸಿದಳು. ಕತ್ತಿನ ಹತ್ತಿರ ಪುಟ್ಟ ಒತ್ತಡ ಮಾಪಕ. ಅದರ ಮುಳ್ಳು ಹಸಿರು ಪಟ್ಟಿಯಲ್ಲಿ ನಿಂತಿತ್ತು. ಹಸಿರೆಂದರೆ ಒಳಗೆ ಎಲ್ಲ ಸರಿಯಿದೆ ಎಂದರ್ಥ. ಬೆರಳಿನಿಂದ ಕುಟ್ಟಿದಳು. ಮುಳ್ಳು ಅಲುಗಲಿಲ್ಲ.

ಹನ್ನೆರಡು ಐದಕ್ಕೆ ಪಂಚನಾಮೆ ಶುರುವಾಯಿತು. ಎದುರಿನ ಕಾಗದದಂಗಡಿಯವನೂ ಪಕ್ಕದ ಬೀದಿಯ ಪಿಂಚಣಿದಾರರೊಬ್ಬರೂ ಪಂಚರು. ಅಗ್ನಿಶಾಮಕ ಠಾಣೆಯ ಅಧಿಕಾರಿ ಬಂದು ಸಿಲಿಂಡರಿನ ತಲೆ ತಿರುಗಿಸಿ ತೆಗೆದ. ಒಳಗಿದ್ದ ಬಿಳಿ ಪುಡಿ ಗಟ್ಟಿಯಾಗಿ ಅಂಟಿತ್ತು. ಚಿಟಿಕೆ ತೆಗೆದು ಉಜ್ಜಿ ನೋಡಿ, "ಬೆಂಕಿ ಆರಿಸೋ ಪುಡಿ ಅಲ್ಲ ಇದು. ಸುಣ್ಣದಕಲ್ಲಿನ ಪುಡಿ, ತೂಕಕ್ಕೆ ತುಂಬಿರೋದು. ಅನಿಲದ ಒತ್ತಡ ಸೊನ್ನೆ," ಎಂದ. ಮಾಪಕದ ಗಾಜು ಬಿಚ್ಚಿದಾಗ ಮುಳ್ಳಿನ ಬೆನ್ನಿಗೆ ಸಾಸಿವೆ ಕಾಳಿನಷ್ಟು ಅಂಟು ಸಿಕ್ಕಿತು. ಅಲ್ಲಿಗೆ ಇದು ಮರೆವಲ್ಲ, ಮಾಡಿದ ಕೆಲಸ ಎಂದಾಯಿತು.

ಸಿಲಿಂಡರಿಗೆ, ಪ್ರತಿ ಮರುಭರ್ತಿಗೂ ಒಂದರಂತೆ ಕಂಪನಿ ಮಾರುವ ಮಿರುಗುವ ಟ್ಯಾಗ್ ಕಟ್ಟಿತ್ತು. ನಂಬರು, ಮರುಭರ್ತಿ ಮಾಡಿದ ತಾರೀಖು, ಕೆಳಗೆ ಕಂಪನಿಯ ಹೆಸರಿನಲ್ಲಿ ಅಂಗಡಿ ನಡೆಸುವ ಸ್ಥಳೀಯ ಫ್ರಾಂಚೈಸಿಯ ಸಹಿ. ಅದನ್ನು ಓದಿದ ಅಧಿಕಾರಿಯ ಮುಖ ಇಳಿದುಹೋಯಿತು.

"ಇದು ಏಣಿಯ ಸಹಿ," ಎಂದ.

ಏಣಿ ಯಾರೆಂದು ಇನ್ಸ್‌ಪೆಕ್ಟರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದು ಎರಡು ವರ್ಷದ ಹಿಂದೆ ನಿವೃತ್ತನಾದವನು. ಎಲ್ಲರಿಗಿಂತ ಮೊದಲು ಏಣಿ ಹತ್ತುತ್ತಿದ್ದುದಕ್ಕೆ ಬಂದ ಅಡ್ಡಹೆಸರು. ಅವಳು ತರಬೇತಿಯಲ್ಲಿದ್ದಾಗ ನಾಲ್ಕಂತಸ್ತಿನ ಮನೆಯೊಂದು ಹೊತ್ತಿ ಉರಿದಿತ್ತು. ಏಣಿ ಮೂರು ಸಲ ಹತ್ತಿ ಮೂವರನ್ನು ಇಳಿಸಿದ್ದ. ಕೊನೆಯ ಮುದುಕನನ್ನು ಬೆನ್ನಿಗೆ ಕಟ್ಟಿಕೊಂಡು ಬಂದವನಿಗೆ ನೀರಿನ ಬಾಟಲಿ ಕೊಟ್ಟಿದ್ದು ಅವಳೇ.

ಒಂದು ನಲವತ್ತಕ್ಕೆ ಎಫ್‌ಐಆರ್ ಆಯಿತು. ಅದನ್ನು ಬರೆದು ಮುಗಿಸಿದ ರೈಟರ್ ತಲೆಯೆತ್ತಿ ಎದುರಿನ ಗೋಡೆಯತ್ತ ಬೆರಳು ತೋರಿಸಿದ.

"ಮೇಡಂ, ನಮ್ಮಲ್ಲೂ ಒಬ್ಬ ಕೆಂಪಣ್ಣ ನೇತಾಡ್ತಿದ್ದಾನೆ."

ಠಾಣೆಯ ಸಿಲಿಂಡರಿಗೂ ಅದೇ ಟ್ಯಾಗು, ಅದೇ ಸಹಿ. ಬಿಚ್ಚಿಸಿದರು. ಅದೇ ಪುಡಿ. "ಎಂಟು ತಿಂಗಳಿಂದ ಇದರ ಎದುರಿಗೇ ಕೂತು ಬೀಡಿ ಸೇದಿದ್ದೀನಿ," ಎಂದ ರೈಟರ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಕಾರ್ಖಾನೆಯ ಯಜಮಾನ ಅಗ್ಗದ ಮಾಲು ಕೊಂಡಿರಬಹುದೆಂಬ ಅನುಮಾನವಿತ್ತು. ಅವನು ರಸೀದಿ ತಂದು ತೋರಿಸಿದ. ಪೂರ್ತಿ ದರ ಕೊಟ್ಟಿದ್ದ. ಹಾಗಾಗಿ ಹನ್ನೆರಡನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಕಂಪನಿಯ ಪ್ರಾದೇಶಿಕ ಕಚೇರಿಯಲ್ಲಿದ್ದಳು. ಗಾಜಿನ ಕೋಣೆಯ ಮ್ಯಾನೇಜರ್ ಕೇಳಿದ್ದಕ್ಕೆಲ್ಲ ಕಂಪ್ಯೂಟರ್ ನೋಡಿಯೇ ಉತ್ತರ ಕೊಟ್ಟ.

"ನಿಮ್ಮ ಫ್ರಾಂಚೈಸಿ ಎಷ್ಟು ಟ್ಯಾಗ್ ಕೊಂಡಿದ್ದಾರೆ?"

"ಹದಿನಾಲ್ಕು ತಿಂಗಳಲ್ಲಿ ಸಾವಿರದ ನೂರೈವತ್ತು."

"ಪುಡಿ?"

"ಅರವತ್ತು ಚೀಲ."

"ಒಂದು ಚೀಲ ಎಷ್ಟು ಸಿಲಿಂಡರಿಗೆ ಬರುತ್ತೆ?"

"ನಾಲ್ಕು."

"ಅಲ್ಲಿಗೆ ಇನ್ನೂರ ನಲವತ್ತು. ಉಳಿದ ಒಂಬೈನೂರ ಹತ್ತಕ್ಕೆ ಏನು ತುಂಬಿದ್ರು ಅಂತ ನೀವು ಕೇಳ್ಲಿಲ್ವಾ?"

ಮ್ಯಾನೇಜರ್ ನೀರಿನ ಲೋಟವನ್ನು ಅತ್ತ ಸರಿಸಿದ, ಇತ್ತ ಸರಿಸಿದ. "ಗುಣಮಟ್ಟ ಫ್ರಾಂಚೈಸಿಯ ಜವಾಬ್ದಾರಿ. ಒಪ್ಪಂದದ ಮೂವತ್ತೊಂದನೇ ಕಲಮು ನೋಡಿ."

"ಕಂಪ್ಯೂಟರಿಗೆ ಈ ಲೆಕ್ಕ ಗೊತ್ತಿರ್ಲಿಲ್ವಾ ಅಂತ ಕೇಳಿದೆ."

"ತಿಂಗಳ ಟ್ಯಾಗಿನ ಗುರಿ ಮುಟ್ಟಿದ್ರಾ ಇಲ್ವಾ, ಅದನ್ನ ಮಾತ್ರ ನೋಡ್ತೀವಿ."

ಒಪ್ಪಂದ ಅರವತ್ನಾಲ್ಕು ಪುಟ. ಠಾಣೆಗೆ ತಂದು ಅವಳು ಇಡೀ ಮಧ್ಯಾಹ್ನ ಓದಿದಳು. ಐದು ವರ್ಷ ಬಿಡುವಂತಿಲ್ಲ. ಪುಡಿ, ಅನಿಲ, ವಾಲ್ವು, ರಬ್ಬರು ಎಲ್ಲವನ್ನೂ ಕಂಪನಿಯಿಂದಲೇ, ಕಂಪನಿ ಹೇಳಿದ ದರಕ್ಕೇ ಕೊಳ್ಳಬೇಕು. ಹೊರಗೆ ಅದರ ಮೂರನೇ ಒಂದು ಪಾಲಿಗೆ ಸಿಗುತ್ತಿತ್ತು. ತಿಂಗಳಿಗೆ ಇಷ್ಟು ಟ್ಯಾಗು ಕೊಳ್ಳಲೇಬೇಕು. ನಡುವೆ ಬಿಟ್ಟರೆ ಬ್ಯಾಂಕ್ ಸಾಲ ತೆಗೆದು ಕಟ್ಟಿದ ಠೇವಣಿ ಮುಳುಗುತ್ತದೆ, ಉಳಿದ ವರ್ಷಗಳ ಶುಲ್ಕ ಒಟ್ಟಿಗೇ ಕಟ್ಟಬೇಕು. ಸಹಿ ಹಾಕಬೇಕಾದ ಜಾಗಗಳಲ್ಲೆಲ್ಲ ಯಾರೋ ಪೆನ್ಸಿಲಿನಿಂದ ಪುಟ್ಟ ಗುಣಿಸು ಚಿಹ್ನೆ ಹಾಕಿಕೊಟ್ಟಿದ್ದರು. ಏಣಿ ಆ ಚಿಹ್ನೆಗಳ ಮೇಲೆ ಒಂದನ್ನೂ ಬಿಡದೆ ಸಹಿ ಹಾಕಿದ್ದ.

ಫೈಲಿನ ಕೊನೆಗೆ ಎರಡು ಪತ್ರ. ಒಪ್ಪಂದವಾದ ಐದನೇ ತಿಂಗಳಲ್ಲಿ, ಅಂಗಡಿ ಮುಚ್ಚಲು ಅನುಮತಿ ಕೊಡಿ ಎಂದು ಏಣಿ ಕೈಬರಹದಲ್ಲಿ ಕೇಳಿಕೊಂಡಿದ್ದ. ಕಂಪನಿಯ ಉತ್ತರ ಮೂರು ಸಾಲು. ಅದರಲ್ಲಿ ಐವತ್ತೆಂಟನೇ ಪುಟವನ್ನು ಗಮನಿಸಿ ಎಂದಿತ್ತು. ಇನ್ಸ್‌ಪೆಕ್ಟರ್ ಆ ಪುಟ ತೆರೆದು ಓದಿ, ಜೆರಾಕ್ಸ್ ತೆಗೆಸಿದಳು.

ಹದಿಮೂರರಂದು ಅಂಗಡಿಯ ತಪಾಸಣೆ. ಬೀಗ ಹಾಕಿತ್ತು, ಪಂಚರ ಎದುರು ತೆಗೆಸಿದರು. ಕಿರಿದಾದ ಒಂದೇ ಕೋಣೆ. ಸುಣ್ಣದಕಲ್ಲಿನ ಪುಡಿಯ ಮೂರು ಚೀಲ, ಅಂಟಿನ ಟ್ಯೂಬು, ಅಂಟು ಹಚ್ಚಲು ಬಳಸಿದ ಇಂಜೆಕ್ಷನ್ ಸೂಜಿ. ಎಲ್ಲ ಜಪ್ತಿಯಾಯಿತು. ಅಸಲಿ ಪುಡಿ ತುಂಬಿದ ಸಿಲಿಂಡರುಗಳಿಗೆ ರಿಜಿಸ್ಟರಿತ್ತು, ಉಳಿದವಕ್ಕೆ ಒಂದು ಚೀಟಿಯೂ ಇರಲಿಲ್ಲ. ಅವು ಎಲ್ಲೆಲ್ಲಿ ನೇತಾಡುತ್ತಿವೆಯೋ ದೇವರೇ ಬಲ್ಲ. ಏಣಿ ಹನ್ನೊಂದು ದಿನದಿಂದ ಅಂಗಡಿ ತೆರೆದಿಲ್ಲ, ಸ್ಕೂಟರನ್ನೂ ಮಾರಿದ್ದಾನೆ ಎಂದ ಪಕ್ಕದ ಬೀಗದಂಗಡಿಯವನು.

ರೈಟರ್ ಕಂಡಕಂಡ ಶಾಲೆ, ಆಸ್ಪತ್ರೆ, ಗೋದಾಮುಗಳಿಗೆ ಫೋನ್ ಹಚ್ಚಿದ. ನಾಲ್ಕನೇ ಫೋನಿನಲ್ಲೇ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಹೇಳಿದರು: "ಮೊನ್ನೆ ಅವರೇ ಬಂದಿದ್ರಲ್ಲ. ಹಳೇದನ್ನ ಬಿಚ್ಚಿ ಬೇರೆ ಪುಡಿ ತುಂಬಿ ಹೋದ್ರು. ಒಂದು ಪೈಸೆಯೂ ತಗೊಳ್ಲಿಲ್ಲ." ಇನ್ನೆರಡು ಕಡೆಯೂ ಅದೇ ಮಾತು.

"ಸಾಕ್ಷ್ಯ ನಾಶ ಮೇಡಂ," ಎಂದ ರೈಟರ್. "ಬಸ್ಸಲ್ಲಿ ಚೀಲ ಹೊತ್ಕೊಂಡು ಓಡಾಡ್ತಿದ್ದಾನಂತೆ."

"ಹೌದು. ಕಾನೂನಿನಲ್ಲಿ ಅದಕ್ಕೆ ಅದೇ ಹೆಸರು," ಎಂದಳು ಇನ್ಸ್‌ಪೆಕ್ಟರ್.

ಹದಿನಾಲ್ಕು, ಶುಕ್ರವಾರ, ಹನ್ನೊಂದು ನಲವತ್ತು. ಹೆರಿಗೆ ಆಸ್ಪತ್ರೆಯ ನೌಕರನ ಫೋನ್ ಬಂದು ಇನ್ಸ್‌ಪೆಕ್ಟರ್ ಅಲ್ಲಿಗೆ ಹೋದಾಗ ಏಣಿ ಹಿಂಬದಿಯ ಓಣಿಯ ನೆಲದ ಮೇಲೆ ಕುಳಿತಿದ್ದ. ಮೊಣಕಾಲುಗಳ ನಡುವೆ ಸಿಲಿಂಡರು, ಕೈಯಲ್ಲಿ ಪ್ಲಾಸ್ಟಿಕ್ ಲಾಳಿಕೆ. ಕೂದಲಿಗೆ, ಹುಬ್ಬಿಗೆ ಪುಡಿ ಮೆತ್ತಿತ್ತು. ಅವಳ ಬೂಟು ನೋಡಿಯೇ ಯಾರೆಂದು ತಿಳಿದವನಂತೆ ಕತ್ತೆತ್ತದೆ ಹೇಳಿದ: "ಇದೊಂದು ಮುಗಿಸ್ತೀನಿ. ಹತ್ತು ನಿಮಿಷ. ಮೇಲ್ಗಡೆ ಬಾಣಂತಿಯರಿದ್ದಾರೆ."

"ಕೈ ತೆಗೀರಿ."

"ಹತ್ತೇ ನಿಮಿಷ ಮಗಳೇ."

"ತೆಗೀರಿ. ಅದು ಈಗ ಸಾಕ್ಷ್ಯ."

ಅವನು ಲಾಳಿಕೆಯನ್ನು ನೆಲದ ಮೇಲಿಟ್ಟ. ಆಸ್ಪತ್ರೆಗೆ ಬೇರೆ ಸಿಲಿಂಡರು ತರುವಂತೆ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ಅವರ ಗಾಡಿ ಬರುವವರೆಗೂ ಇನ್ಸ್‌ಪೆಕ್ಟರ್ ಆ ಓಣಿ ಬಿಟ್ಟು ಕದಲಲಿಲ್ಲ. ಅವನನ್ನೂ ಕದಲಿಸಲಿಲ್ಲ.

ವಿಚಾರಣೆ ಎರಡೂಕಾಲಿಗೆ ಶುರುವಾಯಿತು.

"ಮುಳ್ಳಿಗೆ ಅಂಟು ಹಚ್ಚಿದ್ದು ಯಾರು?"

"ನಾನೇ."

"ಯಾವಾಗಿಂದ?"

"ಆರನೇ ತಿಂಗಳಿಂದ."

"ಬೆಂಕಿ ಅಂದ್ರೆ ಏನು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅದಕ್ಕೇ ಮಾಡ್ದೆ." ಅವನು ನಿಧಾನವಾಗಿ, ಯಾರದೋ ವಿಷಯ ಹೇಳುವಂತೆ ಹೇಳಿದ. "ಮೂವತ್ತೊಂದು ವರ್ಷದಲ್ಲಿ ಸಾವಿರಾರು ಬೆಂಕಿ ನೋಡಿದ್ದೀನಿ. ಜನ ಸಿಲಿಂಡರ್ ತೆಗ್ದು ಹೊಡ್ದಿದ್ದು ಎಷ್ಟು ಸಲ ಗೊತ್ತಾ? ಹನ್ನೆರಡು. ಎಲ್ಲರೂ ಓಡ್ತಾರೆ, ಇಲ್ಲ ನೀರು ಹುಡುಕ್ತಾರೆ. ಗೋಡೆ ಮೇಲಿರೋದು ಯಾರ ಕಣ್ಣಿಗೂ ಬೀಳಲ್ಲ. ಐದು ವರ್ಷ ಹೇಗೋ ದಾಟುತ್ತೆ ಅಂದ್ಕೊಂಡೆ."

"ಎರಡನೇ ತಾರೀಖು ಎಲ್ಲಿದ್ರಿ?"

"ಸೈರನ್ ಕೇಳ್ತು. ಕಾಲು ತಾನಾಗೇ ಓಡ್ತು. ಹೋಗಿ ನೋಡಿದ್ರೆ ಆ ಹುಡುಗಿ ರಸ್ತೇಲಿ ನಿಂತು ಅದನ್ನ ಒತ್ತುತ್ತಾನೇ ಇದ್ಲು." ಕತ್ತೆತ್ತಿ, "ಅವಳ ಕೈ ಹೇಗಿದೆ?" ಎಂದ.

"ಪ್ರಶ್ನೆ ಕೇಳೋದು ನಾನು. ಅವತ್ತೇ ಯಾಕೆ ಬಂದು ಹೇಳ್ಲಿಲ್ಲ?"

"ನೀವು ನನ್ನ ಒಳಗೆ ಹಾಕಿದ್ರೆ ಉಳಿದವನ್ನ ಯಾರು ತುಂಬ್ತಾರೆ? ಹೊರಗಡೆ ಪುಡಿ ಕೊಂಡೆ. ಸ್ಕೂಟರಿನ ದುಡ್ಡು ನೂರಹನ್ನೆರಡಕ್ಕೆ ಸಾಕಾಯ್ತು."

"ಉಳಿದವು ಎಲ್ಲಿವೆ?"

"ಬರ್ಕೊಳ್ಳಿ."

ಅವನು ಕಣ್ಣು ಮುಚ್ಚಿ ಹೇಳುತ್ತಾ ಹೋದ. ಯಾವ ಬೀದಿ, ಯಾವ ಕಟ್ಟಡ, ಎಷ್ಟನೇ ಮಹಡಿ, ಮೆಟ್ಟಿಲಿನ ಎಡಕ್ಕೋ ಬಲಕ್ಕೋ, ಕಿಟಕಿಗೆ ಸರಳಿದೆಯೋ ಇಲ್ಲವೋ. ದಳದವರು ಕಟ್ಟಡವನ್ನು ನೆನಪಿಡುವ ರೀತಿ ಅದು. ರೈಟರ್ ಎರಡು ಸಲ ಪೆನ್ನು ಬದಲಿಸಿದ. ಆರು ಐವತ್ತಕ್ಕೆ ಮುಗಿದಾಗ ಪಟ್ಟಿಯಲ್ಲಿ ಏಳುನೂರ ತೊಂಬತ್ತಾರು ಇದ್ದವು. ಹಾಸಿಗೆ ಕಾರ್ಖಾನೆಯದು, ಠಾಣೆಯದು, ಅವನು ಸರಿಮಾಡಿದವು ಎಲ್ಲ ಕೂಡಿಸಿದರೆ ಒಂಬೈನೂರ ಹತ್ತು. ಒಂದೂ ಹೆಚ್ಚುಕಮ್ಮಿ ಇಲ್ಲ. ಪಟ್ಟಿ ಹಿಡಿದು ಅಗ್ನಿಶಾಮಕ ದಳದ ಎರಡು ಗಾಡಿ ಆಗಲೇ ಹೊರಟವು.

ಕಂಪನಿಯ ಮ್ಯಾನೇಜರನ್ನು ಎರಡನೇ ಆರೋಪಿ ಮಾಡುವುದಾಗಿ ಇನ್ಸ್‌ಪೆಕ್ಟರ್ ಸರ್ಕಾರಿ ವಕೀಲರಿಗೆ ಫೋನಿನಲ್ಲಿ ಹೇಳಿದಳು. "ಮೂವತ್ತೊಂದನೇ ಕಲಮು ತೋರಿಸಿ ಕೈ ತೊಳ್ಕೊಳ್ತಾರೆ," ಎಂದರು ವಕೀಲರು. "ತೊಳ್ಕೊಳ್ಳೋದಿದ್ರೆ ಜಡ್ಜ್ ಎದುರು ತೊಳ್ಕೊಳ್ಳಲಿ," ಎಂದು ಫೋನಿಟ್ಟಳು. ಆ ಆರೋಪ ಕೋರ್ಟಿನಲ್ಲಿ ನಿಲ್ಲುವ ಖಾತ್ರಿ ಅವಳಿಗೂ ಇರಲಿಲ್ಲ.

ಉಳಿದಿದ್ದು ಬಂಧನದ ಕಾಗದ. ಬಂಧಿತನ ಕಡೆಯ ಯಾರಿಗೆ ತಿಳಿಸಬೇಕು ಎಂಬ ಸಾಲಿಗೆ ಬಂದಾಗ, ಅಲ್ಲಿಯವರೆಗೆ ಒಂದಕ್ಕೂ ತಡವರಿಸದವನು ತಡವರಿಸಿದ.

"ಹೆಂಡತಿಗೆ. ಆದ್ರೆ... ಅರೆಸ್ಟ್ ಆಗಿದ್ದು ಮಾತ್ರ ಹೇಳಿ. ಆ ಪುಟದ ವಿಷಯ ಬೇಡ."

"ಐವತ್ತೆಂಟನೇ ಪುಟ?"

ಅವನು ತಲೆ ತಗ್ಗಿಸಿದ. "ಅವಳಿಗೆ ಗೊತ್ತಿಲ್ಲ. ನಂಗೂ ಗೊತ್ತಿರ್ಲಿಲ್ಲ, ಮುಚ್ತೀನಿ ಅಂತ ಬರೆಯೋವರೆಗೂ. ಹೇಗೆ ಹೇಳ್ಲಿ ಅಂತ ದಿನಾ ಅಂದ್ಕೊಳ್ತಿದ್ದೆ. ಟ್ಯಾಗ್ ಕೊಂಡ್ರೆ ಆ ತಿಂಗಳು ಹೇಳೋದು ತಪ್ಪುತ್ತಿತ್ತು."

ಏಳೂವರೆಗೆ ಇನ್ಸ್‌ಪೆಕ್ಟರ್ ಅವನ ಮನೆಯ ಬಾಗಿಲು ತಟ್ಟಿದಳು. ಎರಡು ಕೋಣೆಯ ಚೊಕ್ಕ ಮನೆ. ಹೆಂಡತಿ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವಳು. ಮೇಜಿನ ಮೇಲೆ ಈಗಲೂ ದಾರ, ದಬ್ಬಣ. ಸುದ್ದಿ ಕೇಳಿ ಅಳಲಿಲ್ಲ. ಗೋಡೆಗೆ ಕೈಯೂರಿ ನಿಂತು, ಸತ್ತವಳಿಗೆ ಮಕ್ಕಳಿದ್ದರೇ ಎಂದು ಮೊದಲು ಕೇಳಿದಳು. ಇಲ್ಲ, ಒಬ್ಬ ತಂಗಿ ಇದ್ದಾಳೆ ಎಂದಾಗ ಕುಳಿತುಕೊಂಡಳು. ಆಮೇಲೆ ಕೇಳಿದಳು:

"ಆ ಒಪ್ಪಂದಕ್ಕೆ ನಾನೂ ಸಾಕ್ಷಿ ಸಹಿ ಹಾಕಿದ್ದೀನಿ. ನನ್ನನ್ನೂ ಕೋರ್ಟಿಗೆ ಕರೀತಾರಾ?"

ಇಂದಲ್ಲ ನಾಳೆ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟೀಸು ಅಂಟಿಸುತ್ತಾರೆ. ಅದಕ್ಕಿಂತ ಮೊದಲು ತನ್ನ ಬಾಯಿಂದ ಕೇಳಲಿ ಎಂದುಕೊಂಡು ಇನ್ಸ್‌ಪೆಕ್ಟರ್ ಜೆರಾಕ್ಸ್ ಬಿಚ್ಚಿ ಮೇಜಿನ ಮೇಲಿಟ್ಟಳು. "ಇದು ಸಾಕ್ಷಿ ಸಹಿ ಅಲ್ಲಮ್ಮ. ಜಾಮೀನಿನ ಸಹಿ. ಸಾಲಕ್ಕೂ, ಕಂಪನಿಯ ಬಾಕಿಗೂ ಈ ಮನೆ ಜಾಮೀನು."

"ಮನೆ ನಮ್ಮಮ್ಮ ನಂಗೆ ಕೊಟ್ಟಿದ್ದು."

"ಹೌದು. ಅದಕ್ಕೇ ನಿಮ್ಮ ಸಹಿ ತಗೊಂಡಿದ್ದು."

ಹೆಂಡತಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. "ಅವರಿಗೆ ಯಾವಾಗ ಗೊತ್ತಾಯ್ತು?"

"ಐದನೇ ತಿಂಗಳಲ್ಲಿ."

ಅವಳು ಬೆರಳು ಮಡಚಿ ಎಣಿಸಿದಳು. ಒಂಬತ್ತು ತಿಂಗಳು ಈ ಮೇಜಿನ ಎರಡು ಬದಿಯಲ್ಲಿ ಇಬ್ಬರೂ ಕುಳಿತು ಊಟ ಮಾಡಿದ್ದರು.

"ಹೇಳಿದ್ರೆ ಬಾಡಿಗೆ ಮನೆಗೆ ಹೋಗ್ತಿದ್ವಿ," ಎಂದಳು. "ಅಷ್ಟೇ ತಾನೆ?"

ಇನ್ಸ್‌ಪೆಕ್ಟರ್ ಬಂಧನದ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಬಂಧನದ ವಿಷಯ ಕುಟುಂಬಕ್ಕೆ ತಿಳಿಸಲಾಯಿತು, ಸಮಯ ಎಂಟು ಗಂಟೆ ಐದು ನಿಮಿಷ, ಎಂದು ಬರೆದು ಪೆನ್ನನ್ನು ಅವಳ ಕಡೆ ಚಾಚಿದಳು.