ಚಿತ್ರದ ಬೆನ್ನು

ಗುಂಡಿ ಆರಡಿ ಆಳವಿತ್ತು.

ನಾನು ಅದರೊಳಗೆ ನಿಂತಿದ್ದೆ. ಜೀವಂತವಾಗಿ!

ಪಕ್ಕದಲ್ಲಿ ಪೈನ್ ಮರದ ಶವಪೆಟ್ಟಿಗೆ. ಅದರೊಳಗೆ ಅರವತ್ತು ವರ್ಷ ಪಾಠ ಹೇಳಿ ದಣಿದ ಒಬ್ಬ ಪಂಡಿತ. ನನ್ನ ಎದೆಗೆ ಒತ್ತಿಕೊಂಡದ್ದು ಒಂದು ಬಟ್ಟೆಯ ಚೀಲ. ಮೇಲೆ, ಗುಂಡಿಯ ಅಂಚಿನಲ್ಲಿ, ಸಲಿಕೆ ಹಿಡಿದ ಬೆರಿಶ್. ಟ್ರಕ್ ಓಡಿಸುವವನು. ಕತ್ತು ಎಂಬುದೇ ಇಲ್ಲ, ಭುಜದ ಮೇಲೆ ನೇರವಾಗಿ ತಲೆ.

"ಚೀಲ ಮೇಲಕ್ಕೆ ಎಸಿ, ಟೂಲಿ."

"ನೀನೇ ಇಳಿದು ತಗೊಳೋ."

"ಮಣ್ಣು ಹಾಕಿ ಮುಚ್ಚಿಬಿಡ್ತೀನಿ ನೋಡು!"

"ಹಾಕು. ಆದ್ರೆ ಮೊದಲನೇ ಮಣ್ಣು ಸಲಿಕೆ ತಿರುಗಿಸಿ, ಅದರ ಬೆನ್ನಲ್ಲಿ ಹಾಕ್ಬೇಕು. ಅಷ್ಟೂ ಕಲಿಸಿಲ್ವಾ ನಿಮ್ಮಪ್ಪ?"

ಧಪ್! ಮುಖಕ್ಕೇ ಬಿತ್ತು. ಚಳಿಗೆ ಹೆಪ್ಪುಗಟ್ಟಿದ ಮಣ್ಣು, ಕಲ್ಲಿನ ಹಾಗೆ. ತುಟಿ ಒಡೆಯಿತು.

ನೋವಾದದ್ದು ಅದರಿಂದಲ್ಲ. ಹಿಂದಿನಿಂದ ಯಾರೋ ಕೂಗಿದ ಮಾತಿನಿಂದ.

"ಅಯ್ಯೋ, ಕೊಹೆನ್! ಕೊಹೆನ್ ಗುಂಡಿಗೆ ಇಳಿದಿದ್ದಾನೆ!"

ಹೌದು. ನಾನು ಟೂಲಿ ಕಗಾನ್, ಕೊಹೆನ್. ಎಂದೋ ಬಿದ್ದುಹೋದ ಯೆಹೂದಿ ದೇವಾಲಯದ ಅರ್ಚಕರ ವಂಶ. ನಾವು ಹೆಣದ ಹತ್ತಿರ ಸುಳಿಯಬಾರದು, ಸ್ಮಶಾನದ ಬೇಲಿ ದಾಟಬಾರದು. ನಾನು ಮುರಿಯದ ನಿಯಮ ಬಹಳ ಉಳಿದಿರಲಿಲ್ಲ. ಮೂಗು ಮುರಿದಿದ್ದೇನೆ, ಮಾತು ಮುರಿದಿದ್ದೇನೆ, ನನ್ನ ಮದುವೆಯನ್ನೂ ಮುರಿದುಕೊಂಡಿದ್ದೇನೆ. ಇದೊಂದನ್ನು ಕಾಪಾಡಿಕೊಂಡಿದ್ದೆ. ಅದರ ಬಲದಿಂದ ಹಬ್ಬದ ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ಮುಂದೆ ನಿಂತು, ಶಾಲಿನ ಕೆಳಗೆ ಎರಡೂ ಕೈ ಚಾಚಿ, ಎಲ್ಲರನ್ನೂ ಹರಸುತ್ತಿದ್ದೆ. ನಮ್ಮ ಬಡಾವಣೆ ಬರೋ ಪಾರ್ಕಿನ ಜನ ನನ್ನ ಮುಂದೆ ತಲೆ ತಗ್ಗಿಸುತ್ತಿದ್ದದ್ದು ವರ್ಷದಲ್ಲಿ ಆ ಕೆಲವು ನಿಮಿಷ ಮಾತ್ರ.

ಅದೂ ಹೋಯಿತು! ಒಂದು ಚೀಲ ಹರಿದ ಪುಸ್ತಕಕ್ಕಾಗಿ...

ಬೆಳಿಗ್ಗೆಯಿಂದಲೇ ಹೇಳುತ್ತೇನೆ, ಕೇಳಿ.

ಶುಕ್ರವಾರ. ಡಿಸೆಂಬರ್. ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಸಬ್ಬತ್. ಕಾರು ಇಲ್ಲ, ಫೋನ್ ಇಲ್ಲ, ಕೆಲಸ ಇಲ್ಲ. ಒಂಬತ್ತು ಗಂಟೆಗೆ ಫೋನ್ ಬಂತು.

"ಟೂಲಿ... ಕೆಳಗಣ್ಣಿನವರು ಮನೇಲಿಲ್ಲ ಕಣೋ."

ಆನ್ಶೆಲ್ ಶ್ಪಿಟ್ಜರ್ ತಾತ. ಎಂಬತ್ತನಾಲ್ಕು ವರ್ಷ. ಮಕ್ಕಳಿಲ್ಲ. ಹೆಂಡತಿ ಗಿಟ್ಟಲ್ ತೀರಿಕೊಂಡು ಮೂರು ವರ್ಷ. ಅವರ ಎರಡು ಕೋಣೆಯ ಮನೆಯಲ್ಲಿ ಗೋಡೆ ಕಾಣುವುದಿಲ್ಲ, ಬರೀ ಮುಖಗಳು. ರಬ್ಬಿಗಳು, ಪಂಡಿತರು, ನ್ಯಾಯ ಹೇಳಿದವರು, ವೈದ್ಯ ಮಾಡಿದವರು. ಎಲ್ಲ ಇನ್ನೂರು, ಮುನ್ನೂರು ವರ್ಷದ ಹಿಂದೆ ಪ್ರಾಗ್‌ನಲ್ಲೋ ಆಮ್‌ಸ್ಟರ್‌ಡಾಮ್‌ನಲ್ಲೋ ತಾಮ್ರದ ತಗಡು ಕೊರೆದು ಅಚ್ಚು ಹಾಕಿದ ಚಿತ್ರಗಳು. ಫ್ರಿಜ್ಜಿನ ಪಕ್ಕದಲ್ಲೂ ಇಬ್ಬರಿದ್ದಾರೆ. ತಾತ ಬೆಳಿಗ್ಗೆ ಎದ್ದು ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತಾರೆ. ಮುಗಿಯುವಷ್ಟರಲ್ಲಿ ಚಹಾ ಆರಿರುತ್ತದೆ.

ಕಳೆದುಹೋದ ಹಳೇ ಪುಸ್ತಕ, ಹಳೇ ಚಿತ್ರ ಹುಡುಕುವುದು ನನ್ನ ಕಸುಬು. ಪೊಲೀಸರಿಗೆ ಹೇಳಲಾಗದವರು ನನಗೆ ಹೇಳುತ್ತಾರೆ.

ಹೋಗಿ ನೋಡಿದೆ. ಮಲಗುವ ಕೋಣೆಯಲ್ಲಿ, ಎರಡನೇ ಮಂಚದ ಮೇಲ್ಗಡೆ, ತಾತ 'ಕೆಳಗಣ್ಣಿನವರು' ಎಂದು ಕರೆಯುವ ಪಂಡಿತರ ಫ್ರೇಮ್ ಖಾಲಿ. ಹಿಂದೆ ಅಂಟಿಸಿದ ಕಂದು ಕಾಗದವನ್ನು ಬ್ಲೇಡಿನಲ್ಲಿ ನೀಟಾಗಿ ಕೊಯ್ದಿದ್ದರು.

"ನಿನ್ನೆ ಯಾರು ಬಂದಿದ್ರು?"

"ಲೈಬಿಷ್ ಮಾಂಡೆಲ್. ಚಿತ್ರದ ವ್ಯಾಪಾರಿ. ಕೆಳಗಣ್ಣಿನವರನ್ನ ಕೊಡ್ತೀರಾ ಅಂತ ಏಳನೇ ಸಲ ಕೇಳ್ದ. ಕೊಡಲ್ಲ ಅಂದೆ. ಚಹಾ ಮಾಡೋಕೆ ಒಳಗೆ ಹೋದೆ."

"ಹೋಗುವಾಗ ಕೋಟು ಬಿಚ್ಚಿಸಿದ್ರಾ?"

"ಬಿಚ್ಚಿಸದೆ ಬಿಡ್ತೀನಾ! ಕೋಟು, ಚೀಲ, ಟೋಪಿ... ಏನೂ ಇರ್ಲಿಲ್ಲ."

ಹಿಂದೊಮ್ಮೆ ಕಳುವಾದಾಗಿನಿಂದ ತಾತ ಹಾಗೆ. ಮುಖ್ಯ ರಬ್ಬಿಯೇ ಬಂದರೂ ಬಾಗಿಲಲ್ಲಿ ಕೋಟು ಕೊಡವಿಯೇ ಕಳಿಸುವುದು. ಇಡೀ ಬೀದಿಗೆ ಗೊತ್ತು.

"ಬೇರೆ ಯಾವುದೇ ಹೋಗಿದ್ರೂ ನಿನ್ನ ಕರೀತಿರ್ಲಿಲ್ಲ," ಅಂದರು. "ಅದರ ಬೆನ್ನ ಮೇಲೆ ಗಿಟ್ಟಲ್ ಬರೆದಿದ್ದಾಳೆ."

"ಏನಂತ?"

"ಗೊತ್ತಿಲ್ಲ."

ಬಟ್ಟೆ ಒಗೆಯುವ ಯಂತ್ರಕ್ಕೆಂದು ಗಿಟ್ಟಲ್ ಕೂಡಿಟ್ಟ ದುಡ್ಡು. ತಾತ ಅದನ್ನು ತೆಗೆದುಕೊಂಡು ಹೋಗಿ ಈ ಚಿತ್ರ ತಂದರು. ನಲವತ್ತೊಂದು ವರ್ಷದ ಹಿಂದಿನ ಮಾತು. ಆಕೆ ಕೂಗಾಡಲಿಲ್ಲ. ಪೆನ್ಸಿಲ್ ತೆಗೆದು ಚಿತ್ರದ ಹಿಂದೆ ಏನೋ ಬರೆದಳು. ತಾನೇ ಕಾಗದ ಅಂಟಿಸಿ, ತಾನೇ ಮೊಳೆ ಹೊಡೆದು ನೇತುಹಾಕಿದಳು. "ನಾನು ಹೋದ ಮೇಲೆ ಓದು," ಅಂದಳು. ಆಮೇಲೆ ಮೂವತ್ತೆಂಟು ವರ್ಷ ಕೈಯಲ್ಲೇ ಬಟ್ಟೆ ಒಗೆದಳು.

"ಹೋಗಿ ಮೂರು ವರ್ಷ ಆಯ್ತಲ್ಲ ತಾತಾ. ಇನ್ನೂ ಓದಿಲ್ವಾ?"

"ಓದಿಬಿಟ್ರೆ ಮುಗೀತಲ್ಲೋ. ಆಮೇಲೆ ಅವಳು ನನಗೆ ಹೇಳೋದು ಏನೂ ಉಳಿಯಲ್ಲ."

ನಾನು ಮುಖ ತಿರುಗಿಸಿಕೊಂಡೆ. ಗೋಡೆಯ ಮೇಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮಾಂಡೆಲ್‌ನ ಅಂಗಡಿ ಹದಿಮೂರನೇ ಅವೆನ್ಯೂದಲ್ಲಿ, ನೆಲಮಾಳಿಗೆ. ತಾತನನ್ನು ಕಾರಿನಲ್ಲೇ ಕೂರಿಸಿ ಇಳಿದೆ. ಮಾಂಡೆಲ್ ತೆಳ್ಳಗೆ, ಬೆಳ್ಳಗೆ, ಬೆರಳುಗಳು ಪಿಟೀಲು ಬಾರಿಸುವವನ ಹಾಗೆ.

"ಹುಡುಕಪ್ಪಾ ಟೂಲಿ, ಧಾರಾಳವಾಗಿ ಹುಡುಕು. ನನ್ನ ಹತ್ತಿರ ಇಲ್ಲ."

ಹುಡುಕಿದೆ. ನಿಜವಾಗಲೂ ಇರಲಿಲ್ಲ! ಅವನ ಮುಖ ಅಷ್ಟು ನಿರಾಳವಾಗಿತ್ತು. ನಾನು ಕಪಾಟಿನ ಹಿಂದೆ ಬಗ್ಗಿದ್ದೆ, ಆಗ ಬಾಗಿಲು ದಡಾರೆಂದು ತೆರೆಯಿತು.

"ಲೈಬಿಷ್! ಕೆಟ್ಟುಹೋಯ್ತು! ಮುದುಕನ ಮನೆ ಮುಂದೆ ಆ ಚೀಲ ಇಲ್ಲ! ಶವಸಂಸ್ಕಾರದವರು ಬೆಳಿಗ್ಗೇನೇ ಒಯ್ದಿದ್ದಾರೆ. ಯಾರೋ ದೊಡ್ಡ ಪಂಡಿತ ಸತ್ತನಂತೆ, ಅವನ ಗುಂಡಿಗೆ..."

ಬೆರಿಶ್. ನನ್ನನ್ನು ನೋಡಿ ಬಾಯಿ ಮುಚ್ಚಿದ. ತಡವಾಗಿತ್ತು.

ನಮ್ಮಲ್ಲಿ ಹರಿದ ಪ್ರಾರ್ಥನೆ ಪುಸ್ತಕವನ್ನು ಕಸಕ್ಕೆ ಎಸೆಯುವುದಿಲ್ಲ. ದೇವರ ಹೆಸರಿರುವ ಹಾಳೆಯನ್ನು ಹೂಳಬೇಕು. ಮನೆ ಬಾಗಿಲಲ್ಲಿ ಚೀಲ ಕಟ್ಟಿಟ್ಟರೆ ವಾರಕ್ಕೊಮ್ಮೆ ಬೆರಿಶ್‌ನ ಟ್ರಕ್ ಬಂದು ಒಯ್ಯುತ್ತದೆ. ಮಾಂಡೆಲ್ ಚಿತ್ರವನ್ನು ಕೋಟಿನೊಳಗೆ ಬಚ್ಚಿಡಲೇ ಇಲ್ಲ. ಬಾಗಿಲಲ್ಲಿದ್ದ ಆ ಚೀಲದೊಳಗೆ, ಒಂದು ಹರಿದ ಪುಸ್ತಕದ ನಡುವೆ ತೂರಿಸಿ, ಕೈ ಬೀಸಿಕೊಂಡು ಹೊರಟುಹೋದ. ತಾತ ಬಂದವರ ಟೋಪಿ ನೋಡುತ್ತಾರೆ. ಪವಿತ್ರ ಹಾಳೆಯ ಚೀಲವನ್ನು ಯಾರು ಕೆದಕುತ್ತಾರೆ?

ಉಪಾಯ ಚೆನ್ನಾಗಿತ್ತು. ಆದರೆ ಪಂಡಿತ ಸತ್ತರೆ ಅಂಥ ಹಾಳೆಗಳನ್ನು ಅವನ ಜತೆಯಲ್ಲೇ ಹೂಳುವುದು ದೊಡ್ಡ ಗೌರವ. ಶವಸಂಸ್ಕಾರದವರು ಬಂದು ಕೇಳಿದಾಗ ತಾತ ಹಿಗ್ಗಿ ಹೋದರು. ಚೀಲವನ್ನು ತಮ್ಮ ಕೈಯಾರೆ ಎತ್ತಿ ಕೊಟ್ಟರು!

ಬೆರಿಶ್‌ನ ಮುಷ್ಟಿ ನನ್ನ ಪಕ್ಕೆಗೆ ಬಿತ್ತು. ನಾನು ಟೇಬಲ್ ಮೇಲಿದ್ದ ಬಿಸಿ ಚಹಾವನ್ನು ಅವನ ತೊಡೆಗೆ ಸುರಿದೆ. ಅವನು ಕುಣಿಯುತ್ತಿದ್ದಾಗ ಮೆಟ್ಟಿಲು ಹತ್ತಿ ಓಡಿದೆ.

ಸ್ಮಶಾನ ಊರಿನ ಆಚೆ ಬದಿ, ಕ್ವೀನ್ಸ್‌ನಲ್ಲಿ. ಹೆದ್ದಾರಿಗೆ ಬರುವಷ್ಟರಲ್ಲಿ ಹಿಂದೆ ಟ್ರಕ್ ಕಾಣಿಸಿತು. ಢಣ್! ನನ್ನ ಕಾರಿನ ಹಿಂಭಾಗ ಒಳಕ್ಕೆ ಹೋಯಿತು. ಪಕ್ಕದಲ್ಲಿ ತಾತ ಕಣ್ಣು ಮುಚ್ಚಿ ಕೀರ್ತನೆ ಹೇಳುತ್ತಿದ್ದರು.

"ತಾತಾ, ಬಿಗಿಯಾಗಿ ಹಿಡ್ಕೊಳ್ಳಿ!"

"ನೀನು ಬೇಗ ಓಡ್ಸಪ್ಪಾ. ಬಾಯಿಗೆ ಬರೋ ಕೀರ್ತನೆ ಮುಗೀತಾ ಬಂತು."

ಢಣ್! ಇನ್ನೊಂದು ಸಲ. ಕೊನೆಯ ಗಳಿಗೆಯಲ್ಲಿ ಬಲಕ್ಕೆ ತಿರುಗಿಸಿದೆ. ಟ್ರಕ್ ಮುಂದೆ ಹೋಯಿತು. ಎರಡು ನಿಮಿಷ ಸಿಕ್ಕಿತು, ಅಷ್ಟೇ.

ಸ್ಮಶಾನದ ಗೇಟಿನಲ್ಲಿ ಬ್ರೇಕ್ ಒತ್ತಿದೆ. ದೂರದಲ್ಲಿ ಕಪ್ಪು ಕೋಟುಗಳ ಒಂದು ಗುಂಪು. ಶವಪೆಟ್ಟಿಗೆ ಆಗಲೇ ಇಳಿದಿತ್ತು.

ಕೂಗಿದೆ. ಗಾಳಿ ಮಾತನ್ನು ತಿಂದುಹಾಕಿತು.

"ನೀನು ಇಲ್ಲೇ ಇರು," ಅಂದರು ತಾತ. "ನೀನು ಕೊಹೆನ್. ನಾನು ಹೋಗ್ತೀನಿ."

ಓಡಿದರು. ಎಂಬತ್ತನಾಲ್ಕರ ಓಟ! ಹತ್ತು ಹೆಜ್ಜೆ... ಮಂಜುಗಡ್ಡೆಯ ಮೇಲೆ ಕಾಲು ಜಾರಿತು. ಬಿದ್ದರು. ಕನ್ನಡಕ ಚೂರಾಯಿತು. ಅಷ್ಟರಲ್ಲಿ ಟ್ರಕ್ ಬಂದು ನಿಂತಿತು. ಬೆರಿಶ್ ಧುಮುಕಿ, ಬಿದ್ದ ತಾತನನ್ನು ದಾಟಿಕೊಂಡು ಓಡಿದ.

ನಾನು ಬೇಲಿಯ ಹೊರಗೆ ನಿಂತಿದ್ದೆ.

ಆ ಜಾಗ ನನಗೆ ಹೊಸದಲ್ಲ. ನನ್ನ ಅಮ್ಮ ಇರುವುದು ಅಲ್ಲೇ, ನಾಲ್ಕನೇ ಸಾಲು. ಹೂಳುವ ದಿನ ಮಗನಿಗೆ ರಿಯಾಯಿತಿ ಉಂಟು, ಆಮೇಲೆ ಇಲ್ಲ. ಇಪ್ಪತ್ತೆರಡು ವರ್ಷ, ಪ್ರತಿ ವರ್ಷ ಅವಳು ಹೋದ ದಿನ, ಬಂದು ಇದೇ ಬೇಲಿ ಹಿಡಿದು ನಿಂತಿದ್ದೇನೆ. ಇಲ್ಲಿಂದ ಕಾಣುವುದು ಅವಳ ಕಲ್ಲಿನ ಬೆನ್ನು ಮಾತ್ರ. ಮುಂದೆ ಏನು ಕೆತ್ತಿದೆಯೋ ಗೊತ್ತಿಲ್ಲ. ಚಿಕ್ಕಮ್ಮ ಬರೆಸಿದ್ದು. ಆಕೆಯೂ ಈಗಿಲ್ಲ.

ತಾತ ಮಂಜಿನಲ್ಲಿ ಕೈಯೂರಿ ಏಳಲು ನೋಡುತ್ತಿದ್ದರು. ಏಳಲಾಗುತ್ತಿರಲಿಲ್ಲ.

ನಾನು ಬೇಲಿ ಹಾರಿದೆ.

ಬೆರಿಶ್‌ಗಿಂತ ಎರಡು ಹೆಜ್ಜೆ ಮೊದಲು ತಲುಪಿದೆ. ಶವಸಂಸ್ಕಾರದ ಹಿರಿಯ, ರೆಬ್ ಕಾಪಲ್, ಆಗಷ್ಟೇ ಚೀಲವನ್ನು ಗುಂಡಿಗೆ ಇಳಿಸಿದ್ದ. ಯೋಚನೆ ಮಾಡಲಿಲ್ಲ. ಧುಮುಕಿದೆ.

ಅಲ್ಲಿಂದ ನಿಮಗೆ ಗೊತ್ತಿದೆ.

ಎರಡನೇ ಸಲಿಕೆ ಮಣ್ಣು ಬೀಳುವ ಮೊದಲು ರೆಬ್ ಕಾಪಲ್ ಬೆರಿಶ್‌ನ ಕೈ ಹಿಡಿದ. ಎಪ್ಪತ್ತು ವರ್ಷದ ಕೈ, ಆದರೆ ನಲವತ್ತು ವರ್ಷ ಹೆಣ ಹೊತ್ತ ಕೈ. ಬೆರಿಶ್‌ಗೆ ಅಲ್ಲಾಡಲಾಗಲಿಲ್ಲ.

"ಇದು ಸ್ಮಶಾನ ಕಣೋ, ಮೀನಿನ ಮಾರ್ಕೆಟ್ ಅಲ್ಲ! ಟೂಲಿ, ನಿನಗೆ ಬುದ್ಧಿ ಕೆಟ್ಟಿದೆಯಾ?"

ನಾನು ಚೀಲ ಬಿಚ್ಚಿದೆ. ಮೂರನೇ ಪುಸ್ತಕದಲ್ಲಿ ಸಿಕ್ಕಿತು. ತುಪ್ಪಳದ ಟೋಪಿ, ತೆಳ್ಳನೆ ಗಡ್ಡ, ಎಡಗಣ್ಣಿನ ರೆಪ್ಪೆ ಸ್ವಲ್ಪ ಕೆಳಗೆ. ಹಿಂದೆ ಪೆನ್ಸಿಲ್ ಬರಹ. ಓದಲಿಲ್ಲ. ತಿರುಗಿಸಿ ಎತ್ತಿ ತೋರಿಸಿದೆ.

"ಇದು ಆನ್ಶೆಲ್ ತಾತಂದು. ಈ ಮಾಂಡೆಲ್ ಕದ್ದು ಚೀಲಕ್ಕೆ ತುರುಕಿದ್ದು."

ಟ್ರಕ್ಕಿನಿಂದಿಳಿದು ಮಾಂಡೆಲ್ ಏದುಸಿರು ಬಿಡುತ್ತ ಬಂದಿದ್ದ. "ಸುಳ್ಳು! ಸಾಕ್ಷಿ ಎಲ್ಲಿದೆ?"

ಸತ್ತವರ ಮಗ ಮುಂದೆ ಬಂದ. ಶೋಕದ ಗುರುತಿಗೆ ಕೊಯ್ದ ಕೋಟು, ಅತ್ತು ಕೆಂಪಾದ ಕಣ್ಣು. "ಯಾರದ್ದಾದ್ರೂ ಆಗ್ಲಿ. ಚಿತ್ರದ ಕೆಳಗೆ ಶಾಸ್ತ್ರದ ವಚನ ಇದೆ, ದೇವರ ಹೆಸರಿದೆ. ನಮ್ಮಪ್ಪನ ಜತೆ ಹೂಳೋಕೆ ಕೊಟ್ಟಿದ್ದು. ಕೊಟ್ಟ ಮೇಲೆ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ."

ಅವನ ಮಾತಿನಲ್ಲಿ ನ್ಯಾಯವಿತ್ತು.

ಅಷ್ಟರಲ್ಲಿ ಇಬ್ಬರ ಹೆಗಲು ಹಿಡಿದು ತಾತ ಬಂದರು.

"ಕಾಪಲ್, ಸತ್ತವರ ಮಕ್ಕಳ ಕೋಟು ಕೊಯ್ಯೋ ಬ್ಲೇಡ್ ಇದೆಯಲ್ಲ ನಿನ್ನ ಹತ್ತಿರ?"

"ಇದೆ."

"ವಚನದ ಪಟ್ಟಿ ಕೊಯ್ದು ತೆಗಿ. ಅದು ಇವರಪ್ಪನ ಜತೆ ಹೋಗ್ಲಿ. ಮಿಕ್ಕಿದ್ದು ನನಗೆ ಕೊಡು."

"ಬೇಡ!" ಮಾಂಡೆಲ್ ಕಿರುಚಿದ. "ಕೊಯ್ಯಬೇಡಿ! ಅಂಚು ಹೋದ್ರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ! ಜಗತ್ತಿನಲ್ಲಿರೋದೇ ಒಂದು ಪ್ರತಿ ಕಣಯ್ಯಾ, ಪಾಪಿ ಮುದುಕಾ!"

"ಬೆಲೆ ಇಲ್ಲದಿದ್ರೆ ನೀನು ಎಂಟನೇ ಸಲ ಬರಲ್ವಲ್ಲ," ಅಂದರು ತಾತ.

ಸರ್ರ್... ಬ್ಲೇಡ್ ಆಡಿತು. ವಚನದ ಪಟ್ಟಿ ಗುಂಡಿಗೆ ಬಿತ್ತು. ಮಾಂಡೆಲ್ ಅತ್ತ, ಸತ್ತವರ ಮಗನಿಗಿಂತ ಜೋರಾಗಿ. ಬೆರಿಶ್ ಅವನ ತೋಳು ಹಿಡಿದು ಕರೆದುಕೊಂಡು ಹೋದ. ನನಗೆ ಯಾರೂ ಕೈ ಕೊಡಲಿಲ್ಲ. ನಾನೇ ಗುಂಡಿಯ ಗೋಡೆ ಹಿಡಿದು ಮೇಲೆ ಬಂದೆ.

ಮಣ್ಣು ಮುಚ್ಚಿ ಎಲ್ಲರೂ ಹೊರಟರು. ನನ್ನನ್ನು ಸುತ್ತು ಹಾಕಿಕೊಂಡು ಹೋದರು.

ತಾತ ಒಂದು ಬೆಂಚಿನ ಮೇಲೆ ಕೂತಿದ್ದರು. ಮಡಿಲಲ್ಲಿ ಕೆಳಗಣ್ಣಿನವರು.

"ಕನ್ನಡಕ ಹೋಯ್ತು ಟೂಲಿ. ನೀನೇ ಓದು."

"ಓದಿದ್ರೆ ಮುಗಿಯುತ್ತೆ ಅಂದ್ರಲ್ಲ?"

"ಇವತ್ತು ಓದದೇನೇ ಮುಗೀತಿತ್ತು. ಓದು."

ಚಿತ್ರ ತಿರುಗಿಸಿದೆ. ದುಂಡನೆಯ ಅಕ್ಷರ, ಸ್ವಲ್ಪ ಮಾಸಿತ್ತು. ಓದಿದೆ.

"ಆನ್ಶೆಲ್, ನಿನ್ನ ಮೇಲೆ ನನಗೆ ಸಿಟ್ಟಿದೆ. ಆದರೆ ಈ ಮುಖ ನನಗೂ ಇಷ್ಟವಾಯಿತು. ಹೇಳುವುದಿಲ್ಲ, ಹೇಳಿದರೆ ಇನ್ನೂ ಹತ್ತು ತರುತ್ತೀಯ. ನೀನು ಇದನ್ನು ಓದುತ್ತಿದ್ದರೆ ನಾನಿಲ್ಲ. ಗೋಡೆಯ ಮೇಲಿರುವವರೆಲ್ಲ ಒಳ್ಳೆಯವರು, ಆದರೆ ಒಬ್ಬರೂ ಸಾರು ಕುಡಿಯುವುದಿಲ್ಲ. ಶುಕ್ರವಾರ ಒಬ್ಬನೇ ಊಟಕ್ಕೆ ಕೂರಬೇಡ. ಯಾರನ್ನಾದರೂ ಕರೆ. ಬಾಯಿ ಇರುವವರನ್ನು."

ತಾತ ಚಿತ್ರವನ್ನು ಮತ್ತೆ ಮಡಿಲಿಗೆ ತೆಗೆದುಕೊಂಡರು.

"ಮೂರು ವರ್ಷ..." ಅಂದರು. "ಅಷ್ಟೂ ಶುಕ್ರವಾರ ಒಬ್ಬನೇ ತಿಂದೆನಲ್ಲೋ! ಅವಳು ತಲೆ ಮೇಲೇ ನೇತಾಡ್ಕೊಂಡು ಬೇಡ ಬೇಡ ಅಂತಿದ್ಲು."

ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೆ ಬಾಯಿದೆಯಾ?"

"ಇದೆ. ತುಟಿ ಒಡೆದಿದೆ."

"ಸಾರು ಆರಿಸಿ ಕೊಡ್ತೀನಿ. ನಡಿ, ಸೂರ್ಯ ಇಳೀತಾ ಇದ್ದಾನೆ."

"ಐದು ನಿಮಿಷ ತಾತಾ. ಕಾರಲ್ಲಿ ಕೂತಿರಿ."

ಹೇಗೂ ಮೈಲಿಗೆಯಾಗಿತ್ತು. ನಾಲ್ಕನೇ ಸಾಲಿಗೆ ನಡೆದೆ. ಕಲ್ಲಿನ ಬೆನ್ನು ಸವರಿದೆ, ತಣ್ಣಗಿತ್ತು. ಸುತ್ತು ಹಾಕಿ ಮುಂದೆ ಬಂದೆ. ಹಿಮ ಒರೆಸಿದೆ. ಅಮ್ಮನ ಹೆಸರು. ಅದರ ಕೆಳಗೆ ಒಂದೇ ಸಾಲು... 'ಮಗನನ್ನು ನೇರ ದಾರಿಯಲ್ಲಿ ಬೆಳೆಸಿದವಳು.'

ಮೂವತ್ತು ವರ್ಷದ ಕಸುಬಿನಲ್ಲಿ ಎಷ್ಟೋ ನಕಲಿ ಕಾಗದ ಹಿಡಿದಿದ್ದೇನೆ. ಕಲ್ಲಿನಲ್ಲಿ ಕೆತ್ತಿದ ನಕಲಿ ಸಿಕ್ಕಿದ್ದು ಇದೇ ಮೊದಲು.