ಶಾರವ್ವನ ಕುಣಿ

"ಆ ಕುಣ್ಯಾಗ ಕಾಲಿಡಬ್ಯಾಡೋ ತಮ್ಮಾ," ಎಂದಳು ಪಕ್ಕದ ಮನೆಯ ಸಂಗವ್ವ. "ನಾಯಿ ಮರಿ ಹಾಕೈತಿ. ಮರಿ ಬೆಳದು ತಾವ ಎದ್ದು ಹೋಗಲಿ. ಆಮ್ಯಾಲ ಕೆಂಡ ಸುರುವಿ ಮಣ್ಣು ಸುಡು. ಆಮ್ಯಾಲ ಕುಂದ್ರು."

ಹೆಂಡತಿ ಮಹೇಶ್ವರಿಯನ್ನೂ ಹತ್ತು ತಿಂಗಳ ಕೂಸು ನೇತ್ರಾಳನ್ನೂ ಕರೆದುಕೊಂಡು ನಾಗಲಿಂಗ ಬಾಗಲಕೋಟೆಯಿಂದ ಇಳಕಲ್ಲಿಗೆ ಬಂದು ಎರಡೇ ದಿನ. ನೇಯ್ಗೆಯನ್ನು ಕಾಲೇಜಿನಲ್ಲಿ ಕಲಿತವನು. ಬಾಡಿಗೆಗೆ ಹಿಡಿದ ಮನೆಯ ನಡುವೆ ಹಳೆಯ ಕುಣಿಮಗ್ಗ. ನೇಕಾರ ಕಾಲು ಇಳಿಬಿಟ್ಟು ಕೂರುವ ಆ ಕುಣಿಯಲ್ಲಿ ಕಂದು ನಾಯಿಯೊಂದು ನಾಲ್ಕು ಮರಿಗೆ ಮೊಲೆಯೂಡಿಸುತ್ತ ಮಲಗಿತ್ತು.

"ನಾಯಿಗೆ ಬರಕೊಟ್ಟಾರೇನಬೇ ಈ ಮನಿ?" ನಾಗಲಿಂಗ ನಕ್ಕ.

ಸಂಗವ್ವ ದನಿ ತಗ್ಗಿಸಿದಳು. "ಮನಿ ಶಾರವ್ವಂದು. ಮೂರು ವರ್ಷದ ಹಿಂದ ಆಕಿ ಸಾಕಿದ ನಾಯಿ ಇಲ್ಲೇ ಮರಿ ಹಾಕಿತ್ತು. ಮಗ್ಗ ಬೇಕಂತ ಮೈದುನ ಮರಿ ಚೀಲಕ್ಕ ತುಂಬಿ ಹಳ್ಳಕ್ಕ ಒಗದ. ಆಕಿ ಈ ಕುಣಿ ಮಣ್ಣು ಹಿಡಿ ತುಂಬಾ ತೂರಿ ಅಂದ್ಲು, 'ಇಲ್ಲಿಂದ ಮರಿ ಎಬ್ಬಿಸಿದಾವನ ಚರ್ಮದಾಗ ನನ್ನ ಎಳಿ ಹರದಾಡ್ಲಿ. ಅವನ ಕೂಸಿಗೂ ದಾಟಲಿ.' ಅಂದು ವಾರದಾಗ ತೀರಿಕೊಂಡ್ಲು. ಮೈದುನ ಕಾಲು ಕೆರಕೋತ ಊರು ಬಿಟ್ಟ."

ಹೇಳಿದ್ದು ಕೇಳುವ ವಯಸ್ಸಲ್ಲ ಅದು. ನಾಗಲಿಂಗ ಮರಿಗಳನ್ನು ಬುಟ್ಟಿಗೆ ಹಾಕಿ ಊರಾಚೆಯ ತಿಪ್ಪೆಗೆ ಬಿಟ್ಟು ಬಂದ. ನಾಯಿ ಬೊಗಳಲಿಲ್ಲ. ಸುಮ್ಮನೆ ನೋಡಿತು.

ಚಪ್ಪಲಿ ಮೆಟ್ಟಿ ಕುಣಿಗಿಳಿಯುವ ನೇಕಾರ ಎಲ್ಲಿಯೂ ಇಲ್ಲ, ಮಗ್ಗವೆಂದರೆ ದೇವರು. ಅವನೂ ಬರಿಗಾಲು ಇಳಿಬಿಟ್ಟ. ಮಣ್ಣು ತಣ್ಣಗೆ, ಹಸಿಹಸಿ. ನಾಯಿಯ ಹಾಲು, ಉಚ್ಚೆ, ಹಳೆಯ ಗಂಜಿ ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು. ಲಾಳಿ ಓಡತೊಡಗಿತು.

ಮೂರನೆಯ ದಿನ ಬೆರಳ ಸಂದಿಯಲ್ಲಿ ತುರಿಕೆ. ಐದನೆಯ ದಿನ ಪಾದದ ಮೇಲೆ ಕೆಂಪು ಎಳೆಯೊಂದು ಉಬ್ಬಿ ನಿಂತಿತು, ರೇಷ್ಮೆಯಷ್ಟು ಸಣ್ಣದು. ಎಳೆಯ ತುದಿಗೆ ಪೆನ್ನಿನಿಂದ ಗೆರೆ ಹಾಕಿದ. ಬೆಳಗ್ಗೆ ನೋಡಿದರೆ ಎಳೆ ಗೆರೆ ದಾಟಿ ಒಂದು ಬೆರಳಗಲ ಹೋಗಿತ್ತು. ನೆಟ್ಟಗೆ ಹೋಗಿರಲಿಲ್ಲ. ಏರಿ, ಇಳಿದು, ಮತ್ತೆ ಏರಿ, ಇಳಕಲ್ ಸೀರೆಯ ಸೆರಗಿನಲ್ಲಿ ನೇಯುವ ತೆನೆ ಚಿತ್ತಾರದ ಹಾಗೆ. ಕೆರೆದ. ರಕ್ತ ಬಂತು. ಎಳೆ ನಿಲ್ಲಲಿಲ್ಲ.

ದವಾಖಾನೆಯಲ್ಲಿ ಡಾಕ್ಟರ್ ಫರಹಾನಾ ಪಾದ ನೋಡಿದೊಡನೆ ಹೇಳಿದರು. "ನಾಯಿ ಹೊಟ್ಟಿ ಹುಳದ ಮರಿ ಇದು. ನಾಯಿ ಹೇಲಿನಿಂದ ಹಸಿ ಮಣ್ಣಿಗೆ ಬರ್ತಾವ, ಬರಿ ಮೈಗೆ ತಾಗಿದ್ರ ಒಳಗ ಹೊಕ್ಕಾವ. ಮನಷ್ಯಾನ ಮೈಯಾಗ ದಾರಿ ಸಿಗದ ಚರ್ಮದಾಗ ತಿರಗ್ತಾವ. ಗುಳಿಗಿ ಕೊಡ್ತೇನಿ, ಸಾಯ್ತಾವ. ಆದ್ರ ಆ ಮಣ್ಣು..."

ಗುಳಿಗಿ ಎಂಬ ಮಾತಿಗೇ ನಾಗಲಿಂಗ ಎದ್ದು ನಿಂತಿದ್ದ. ಶಾಪವಲ್ಲ, ಹುಳ. ಮನೆಗೆ ಬಂದವನೇ ಕುಣಿಯ ಮಣ್ಣನ್ನೆಲ್ಲ ಸಲಿಕೆಯಿಂದ ಎತ್ತಿ ಹಿತ್ತಲ ಬೇವಿನ ನೆರಳಿಗೆ ಸುರಿದ.

ವಾರದಲ್ಲಿ ಪಾದದ ಎಳೆ ಬತ್ತಿತು. ಅಂದು ಮಧ್ಯಾಹ್ನ ಗೋಡೆಯಾಚೆ ಸಂಗವ್ವನನ್ನು ಕಂಡು ಕೂಗಿದ. "ನಿಮ್ಮ ಶಾರವ್ವ ಗುಳಿಗಿಗೆ ಅಂಜಿ ಓಡಿ ಹ್ವಾದ್ಲು ನೋಡಬೇ."

ಸಂಗವ್ವ ನಗಲಿಲ್ಲ. "ಮಣ್ಣು ಸುಟ್ಟಿಯೇನು?"

"ತಗದು ಒಗದೆ."

"ಎಲ್ಲಿ ಒಗದಿ?"

ಅವನು ಹಿತ್ತಲಿಗೆ ಓಡಿದ.

ಬೇವಿನ ನೆರಳು. ಮೆತ್ತನೆಯ ಮಣ್ಣು. ಒಗೆಯುವ ಕಲ್ಲಿನ ಬಳಿ ಮಹೇಶ್ವರಿ. ಮಣ್ಣಿನ ನಡುವೆ ಬರಿಮೈಯ ನೇತ್ರಾ, ಮುಷ್ಟಿ ತುಂಬ ಮಣ್ಣು ಹಿಡಿದು ತೂರುತ್ತಿದ್ದಳು. ಮುರುಕು ಗೋಡೆಯ ಮೇಲೆ ಆ ಕಂದು ನಾಯಿ. ಮೊಲೆ ಬಿಗಿದು ಹಾಲು ತೊಟ್ಟಿಕ್ಕುತ್ತಿತ್ತು.

"ನಾಕು ದಿನಾತು, ಅಲ್ಲೇ ಆಡ್ತಾಳ," ಎಂದಳು ಮಹೇಶ್ವರಿ. "ನಿನ್ನಿಯಿಂದ ಯಾಕೋ ಕೆರಕೋತಾಳ್ರಿ."

ಕೂಸನ್ನು ಎತ್ತಿದ. ತೊಡೆಯ ಮೇಲೆ ಒಂದು ಎಳೆ. ಬೆನ್ನ ಮೇಲೆ ಎರಡು. ಕಂಕುಳಲ್ಲಿ ಇನ್ನೊಂದು. ಏರಿ, ಇಳಿದು, ಮತ್ತೆ ಏರಿ.

"ಆಟೋ ಕರಿ. ದವಾಖಾನಿಗೆ ಹೋಗೂಣು."

ಮಹೇಶ್ವರಿ ಕೈ ಒರೆಸದೆ ಓಡಿದಳು. ಮಗ್ಗದ ಮನೆಯೊಳಗಿಂದ ಲಾಳಿಯ ಸದ್ದು ಕೇಳಿದಂತಾಯಿತು. ಒಳಗೆ ಯಾರೂ ಇರಲಿಲ್ಲ. ನಾಗಲಿಂಗ ಜೇಬಿನ ಪೆನ್ನು ತೆಗೆದ. ಕೂಸಿನ ತೊಡೆಯ ಮೇಲೆ, ಎಳೆಯ ತುದಿಗೆ, ಗೆರೆ ಹಾಕಿದ.

ಓಣಿಯ ತಿರುವಿನಲ್ಲಿ ಆಟೋದ ಸದ್ದಾಯಿತು. ಅದು ಬಾಗಿಲಿಗೆ ಬಂದು ನಿಲ್ಲುವುದರೊಳಗೆ, ಅವನ ಕಣ್ಣೆದುರೇ, ಎಳೆ ಗೆರೆ ದಾಟಿತು.