ಹುಳು ಹಣ್ಣಾದ ಭಾನುವಾರ

"ಅಯ್ಯೋ, ನನ್ನ ಮನೆ ಹಾಳಾಯ್ತಲ್ಲಪ್ಪಾ...! ಅಲ್ಲಿ ಹುಳು ಹಣ್ಣಾಗಿ ನೂಲು ಬಿಡ್ತಾ ಅವೆ, ಈ ಮಹಾರಾಣಿ ನೋಡಿದ್ರೆ ಸೀರೆ ಉಟ್ಕೊಂಡು ಕನ್ನಡಿ ಮುಂದೆ ನಿಂತವ್ಳೆ!"

ಅತ್ತೆ ಮುನಿಶಾಮಮ್ಮನ ಕೂಗಿಗೆ ಮುನಿಲಕ್ಷ್ಮಿಯ ಕೈಯಲ್ಲಿದ್ದ ಪಿನ್ನು ಜಾರಿ ನೆಲಕ್ಕೆ ಬಿತ್ತು. ನೆರಿಗೆಯನ್ನು ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಓಡಿದಳು. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಗೆ ಕಾಲು ಅದ್ದಿ ಒಳಗೆ ಹೋಗಿ ನೋಡಿದಳು. ನಿನ್ನೆ ಸಂಜೆಯವರೆಗೂ ಬೆಳ್ಳಗೆ ದಪ್ಪಗೆ ಸೊಪ್ಪು ಮೇಯುತ್ತಿದ್ದ ರೇಷ್ಮೆ ಹುಳುಗಳು ಈಗ ಸೊಪ್ಪು ಬಿಟ್ಟು, ಮೈಯೆಲ್ಲ ಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಎತ್ತಿ ಎತ್ತಿ ಆಡಿಸುತ್ತಿದ್ದವು. ಹಣ್ಣಾದ ಹುಳುವನ್ನು ಅವತ್ತೇ ಒಂದೊಂದಾಗಿ ಆಯ್ದು ಗೂಡು ಕಟ್ಟಿಸುವ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡಬೇಕು. ಹೊತ್ತು ಮೀರಿದರೆ ಸೊಪ್ಪಿನ ಕಸದಲ್ಲೇ ಗೂಡು ಸುತ್ತಿಕೊಳ್ಳುತ್ತವೆ, ತಿಂಗಳ ದುಡಿಮೆ ತಿಪ್ಪೆ ಸೇರುತ್ತದೆ. ಆಯಲು ಬರುವ ಹೆಂಗಸರೆಲ್ಲ ಆವನಿಯಲ್ಲಿ ಮದುವೆಯೆಂದು ನಿನ್ನೆಯೇ ಬಸ್ಸು ಹತ್ತಿದ್ದರು. ಮನೆಯಲ್ಲಿ ಉಳಿದದ್ದು ಮೂವರೇ. ಮಗಳು ಸಹನ ಕೋಲಾರದ ಹಾಸ್ಟೆಲಿನಲ್ಲಿದ್ದಳು.

ಇವತ್ತೇ ಆಗಬೇಕೇ...! ಮುನಿಲಕ್ಷ್ಮಿಗೆ ಅಳು ಒತ್ತರಿಸಿ ಬಂತು. ಇವತ್ತು ಸುಗಟೂರಿನ ಹೈಸ್ಕೂಲಿನಲ್ಲಿ ಅವಳ ಬ್ಯಾಚಿನವರ ಗುರುವಂದನೆ. ಹತ್ತನೇ ಕ್ಲಾಸು ಮುಗಿಸಿ ಇಪ್ಪತ್ತೆಂಟು ವರ್ಷದ ಮೇಲೆ ಎಲ್ಲರೂ ಮೊದಲ ಸಲ ಸೇರುತ್ತಿದ್ದರು. ಲೆಕ್ಕದ ರಾಮಲಕ್ಷ್ಮಮ್ಮ ಮೇಡಂ ಮಾಲೂರಿನಿಂದ ಬರುತ್ತಿದ್ದರು. ಅವರಿಗೀಗ ಎಂಬತ್ತರ ಹತ್ತಿರ. ಇನ್ನೊಂದು ಸಲ ಬರುತ್ತಾರೆಂದು ಯಾರು ಹೇಳಬಲ್ಲರು? ಹದಿನಾರಕ್ಕೇ ಮದುವೆ ಗೊತ್ತಾಗಿ ಪರೀಕ್ಷೆಗೆ ಮೊದಲೇ ಸ್ಕೂಲು ಬಿಡಬೇಕಾಗಿದ್ದ ಮುನಿಲಕ್ಷ್ಮಿ ಪರೀಕ್ಷೆ ಬರೆದದ್ದು ಆ ಮೇಡಂ ದೆಸೆಯಿಂದ. ಅವರು ಎರಡೂ ಮನೆಗೆ ಹೋಗಿ ಮಾತಾಡಿದ್ದಕ್ಕೇ ಮಾಘದ ಮದುವೆ ವೈಶಾಖಕ್ಕೆ ಹೋಯಿತು. ಹತ್ತನೇ ಕ್ಲಾಸು ಪಾಸಾಗಿದ್ದಕ್ಕೇ ಇವತ್ತು ಅವಳು ಅಂಗನವಾಡಿ ಟೀಚರು. ಅಷ್ಟು ಮಾಡಿದವರಿಗೆ ಒಂದು ಮಾತು ಹೇಳಿರಲಿಲ್ಲ! ಅವಳು ಸಂಸಾರಕ್ಕೆ ಬಂದ ವರ್ಷವೇ ಅವರಿಗೆ ವರ್ಗವಾಗಿತ್ತು. ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ವಾರದಿಂದ ಬಾಯಿಪಾಠ ಮಾಡುತ್ತಿದ್ದಳು.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಬೇರೆಯೇ. ಹುಳು ಹಣ್ಣಾಗಬೇಕಾಗಿದ್ದದ್ದು ಸೋಮವಾರ. ಎಲ್ಲಿ ಒಂದು ದಿನ ಮುಂಚೆ ಬಂದು ಭಾನುವಾರವೇ ಕೊರಳಿಗೆ ಬೀಳುತ್ತವೋ ಎಂಬ ದಿಗಿಲಿಗೆ, ಶನಿವಾರವೇ ಮುಗಿದುಹೋಗಲಿ ಎಂದು ಅವಳು ಮೂರು ದಿನದಿಂದ ಅತ್ತೆಗೆ ಗೊತ್ತಾಗದಂತೆ ಹುಳುಮನೆಯ ಅಗ್ಗಿಷ್ಟಿಕೆಗೆ ಹೆಚ್ಚಿಗೆ ಇದ್ದಿಲು ಸುರಿದಿದ್ದಳು. ಕಾವು ಹೆಚ್ಚಾದರೆ ಹುಳು ಬೇಗ ಹಣ್ಣಾಗುತ್ತವೆ. ಆದವು... ಸರಿಯಾಗಿ ಭಾನುವಾರಕ್ಕೆ!

"ಇಷ್ಟು ಬೂದಿ ಎಲ್ಲಿಂದ ಬಂತೇ?" ಮುನಿಶಾಮಮ್ಮ ಅಗ್ಗಿಷ್ಟಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು. ಎಪ್ಪತ್ತೈದು ದಾಟಿದರೂ ಕಣ್ಣು ಹದ್ದಿನ ಕಣ್ಣು.

ಮುನಿಲಕ್ಷ್ಮಿ ಸುಳ್ಳು ಹೇಳಲಿಲ್ಲ. "ನಾನೇ ಅತ್ತೆ... ನಿನ್ನೇನೇ ಆಗ್ಬಿಡ್ಲಿ ಅಂತ..."

"ಆಹಾ! ಓದಿರೋ ಬುದ್ಧಿ! ಸುಮ್ನೆ ಬಿಟ್ಟಿದ್ರೆ ನಾಳೆ ಆಗ್ತಿದ್ವು. ಸೀರೆ ಉಟ್ಕೊಂಡು ಸ್ಕೂಲಿಗೆ ಹೋಗಿ ಮೆರೀತಿದ್ದೆ. ನಿನ್ನ ಕೈಯಾರೆ ನೀನೇ ಕೆಡಿಸ್ಕೊಂಡೆ. ಎಷ್ಟು ಓದಿದ್ರೇನು ಬಂತು, ಹುಳಾನೇ ಓದಕ್ಕೆ ಬರ್ದಿದ್ ಮೇಲೆ!"

ಸೊಸೆಯ ಕೈಯಲ್ಲಿ ಪುಸ್ತಕವೋ ಪೇಪರೋ ಕಂಡರೆ ಸಾಕು, ಮುನಿಶಾಮಮ್ಮನ ಬಾಯಲ್ಲಿ ಇಂಥ ಮಾತು ಬಾರದ ದಿನವಿಲ್ಲ. ಬಂದ ಹೊಸದರಲ್ಲಿ ಮುನಿಲಕ್ಷ್ಮಿ ಹಿತ್ತಲಲ್ಲಿ ನಿಂತು ಅಳುತ್ತಿದ್ದಳು. ಆಮೇಲೆ ಅಳುವುದಕ್ಕೂ ಬಿಡುವಾಗಲಿಲ್ಲ. ಇವತ್ತು ಮಾತ್ರ ಸೀರೆ ಬಿಚ್ಚಿ ಹಳೇ ನೈಟಿ ತೊಟ್ಟು, ಅದರ ಮೇಲೊಂದು ಟವೆಲು ಹಾಕಿಕೊಳ್ಳುವಾಗ ಕಣ್ಣೀರು ತಾನಾಗಿ ಇಳಿಯಿತು. ಗಂಡ ಕಾಂತರಾಜ್ ಅಮ್ಮನಿಗೆ ಎದುರಾಡಿದವನಲ್ಲ. ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದ. ಫೋನು ಕಿವಿಗೆ ಹಿಡಿದು ಬೀದಿ ಕಡೆ ಹೋದ. ಬಂದು ಹುಳುವಿನ ತಟ್ಟೆಗಳನ್ನು ಒಂದೊಂದಾಗಿ ಜಗಲಿಗೆ ಹೊರತೊಡಗಿದ.

ಹನ್ನೆರಡು ದಾಟಿತು. ಮೂವರೂ ಬಗ್ಗಿದ ಸೊಂಟ ಎತ್ತದೆ ಆಯುತ್ತಿದ್ದರು. ಆಯ್ದಷ್ಟೂ ಹುಳು ಉಳಿಯುತ್ತಿತ್ತು. ಈಗ ಅಲ್ಲಿ ಪ್ರಾರ್ಥನೆ ಆಗಿರುತ್ತದೆ... ಈಗ ಮೇಡಮ್ಮಿಗೆ ಹಾರ ಹಾಕಿರುತ್ತಾರೆ... ಎಂದು ಮುನಿಲಕ್ಷ್ಮಿ ಒಳಗೊಳಗೇ ಲೆಕ್ಕ ಹಾಕುತ್ತಿದ್ದಾಗ ಬಾಗಿಲಿಗೆ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು.

"ಏನೇ ಮುನ್ಲಕ್ಷ್ಮಿ, ಅಟೆಂಡೆನ್ಸ್ ಕೂಗಿದ್ರೆ ನೀನೇ ಇಲ್ವಲ್ಲೇ!" ಮೊದಲು ಇಳಿದವನು ಉಮಾಶಂಕರ. ಮುಳಬಾಗಿಲು ಡಿಪೋದಲ್ಲಿ ಕಂಡಕ್ಟರು, ಇಡೀ ಗುರುವಂದನೆಯನ್ನು ತಲೆ ಮೇಲೆ ಹೊತ್ತವನು. "ನಿಮ್ಮೆಜಮಾನ್ರು ಫೋನ್ ಮಾಡಿದ್ರು. ಹತ್ತನೇ ಕ್ಲಾಸ್ನೇ ಇಲ್ಲಿಗೆ ತಂದಿದೀನಿ. ಎಷ್ಟು ಹುಳ ಐತೆ ತೋರ್ಸು!"

ಹಿಂದೆಯೇ ಶ್ರೀನಿವಾಸಪುರದಲ್ಲಿ ನರ್ಸಾಗಿರುವ ಶ್ರೀವಾಣಿ, ಅವಳ ಹಿಂದೆ ಹತ್ತು ಹನ್ನೆರಡು ಜನ, ಎಲ್ಲರ ಹಿಂದೆ ಒಬ್ಬರ ಕೈ ಹಿಡಿದು, ಮೆಟ್ಟಿಲನ್ನು ಕಾಲಲ್ಲಿ ತಡವಿ ತಡವಿ ಇಳಿದ ಒಂದು ಸಣ್ಣ ಜೀವ... ರಾಮಲಕ್ಷ್ಮಮ್ಮ ಮೇಡಂ!

ಮುನಿಲಕ್ಷ್ಮಿ ಹುಳು ಹಿಡಿದ ಕೈಯಲ್ಲೇ ಎದ್ದು ನಿಂತಳು. ಬಾಯಿಪಾಠ ಮಾಡಿದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಮುನಿಶಾಮಮ್ಮನ ಗಂಟಲು ಏರಿತು. "ಅಲ್ಲೇ ನಿಂತ್ಕೊಳ್ರೀ ಎಲ್ಲಾ! ಆ ಸೆಂಟು, ಆ ಮಲ್ಲಿಗೆ ಹೂವು, ಏನೇನು ಘಮಘಮ ಅಂತದೋ ಎಲ್ಲಾ ಗಾಡೀಲಿಟ್ಟು ಬನ್ನಿ, ವಾಸ್ನೆ ಹುಳಕ್ಕಾಗಲ್ಲ. ಕೈಕಾಲು ತೊಳ್ಕಂಡು ಜಗಲೀಗೆ ಬನ್ನಿ. ಹುಳುಮನೆ ಕಡೆ ಯಾರಾದ್ರೂ ಕಾಲಿಟ್ರೆ ಕಾಲು ಮುರೀತೀನಿ!"

"ಹೆಡ್ಮಾಷ್ಟ್ರು ವೇಣುಗೋಪಾಲ್ ಸರ್ರೇ ವಾಸಿ ಕಣೇ," ಎಂದು ಶ್ರೀವಾಣಿ ಜಡೆಯ ಹೂವು ಕೀಳುತ್ತ ಪಿಸುಗುಟ್ಟಿದಳು. ಎಲ್ಲರೂ ನಕ್ಕರು. ಮುನಿಲಕ್ಷ್ಮಿಯೂ ಅಳುತ್ತಲೇ ನಕ್ಕಳು.

ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಸೆರಗು ಸಿಕ್ಕಿಸಿ ಎಲ್ಲರೂ ಜಗಲಿಯುದ್ದಕ್ಕೂ ಕೂತರು. ಆ ಸೀಮೆಯ ಮಕ್ಕಳಿಗೆ ಹುಳು ಆಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಣ್ಣಾದದ್ದು ಯಾವುದು, ಇನ್ನೂ ಹಸಿ ಯಾವುದು ಎಂದು ಅವರ ಬೆರಳಿಗೇ ಗೊತ್ತಿತ್ತು. ನಡುವೆ ಕುರ್ಚಿ ಹಾಕಿ ಮೇಡಮ್ಮನ್ನು ಕೂರಿಸಿದರೆ ಅವರು ಮಡಿಲಲ್ಲೊಂದು ತಟ್ಟೆ ಇಟ್ಟುಕೊಂಡೇ ಬಿಟ್ಟರು.

ಹುಳುವಿನ ಜೊತೆ ಮಾತೂ ಹರಿಯಿತು. ಮೇಡಂ ಚಾಕ್‌ಪೀಸ್ ಎಸೆದರೆ ಗುರಿ ತಪ್ಪುತ್ತಿರಲಿಲ್ಲವಂತೆ. ಮಗ್ಗಿ ತಪ್ಪಿದವರನ್ನು ಹೊಡೆಯುತ್ತಿರಲಿಲ್ಲ, ಸಂಜೆ ತಮ್ಮ ಬಾಡಿಗೆ ಮನೆಗೆ ಕರೆದು ಅಲ್ಲಿ ಹೇಳಿಸುತ್ತಿದ್ದರು, ಹೇಳಿದವರಿಗೆ ಹುರಿಗಡಲೆ ಕೊಡುತ್ತಿದ್ದರು. ಅದಕ್ಕೇ ಅರ್ಧ ಕ್ಲಾಸು ಬೇಕೆಂದೇ ಮಗ್ಗಿ ತಪ್ಪುತ್ತಿತ್ತು.

"ಮೇಡಂಗೆ ಆಗ ತೆಲುಗು ಬರ್ತಿರ್ಲಿಲ್ಲ," ಉಮಾಶಂಕರ ದನಿ ಎತ್ತಿದ. "ತುಮಕೂರಿನೋರು. ನಮ್ಮಮ್ಮ ಸ್ಕೂಲಿಗೆ ಬಂದು, ವೀಡ್ನಿ ಬಡಿ ಮಾನಿಪಿಂಚಿ ಆವುಲಕಿ ಪಂಪಿಂಚೇದಾ ಅಂತ ಕೇಳಿದ್ರೆ ಇವ್ರು ನಗ್ತಾ ನಗ್ತಾ 'ಅವುನು, ಅವುನು' ಅಂತ ಹೂಂಗುಟ್ಬಿಟ್ರು! ಸ್ಕೂಲ್ ಬಿಡಿಸಿ ದನ ಕಾಯಕ್ಕೆ ಕಳ್ಸಲಾ ಅಂದಿದ್ಳು ಕಣ್ರಪ್ಪಾ ನಮ್ಮಮ್ಮ! ನಾಲ್ಕು ದಿನ ದನ ಕಾದೆ. ಐದನೇ ದಿನ ಮೇಡಂ ಕೆರೆ ಅಂಗಳಕ್ಕೇ ಬಂದು ಕಿವಿ ಹಿಡ್ಕೊಂಡು ಎಳ್ಕೊಂಡೋದ್ರು."

"ಆ ವಾರವೇ ತೆಲುಗು ಕಲಿತೆ ಕಣೋ," ಮೇಡಂ ನಕ್ಕರು. "ನಿಮ್ಮಮ್ಮನ ಹತ್ರಾನೇ ಕಲಿತೆ."

ನಗು ಇಳಿಯುವ ಹೊತ್ತಿಗೆ ಮುನಿಲಕ್ಷ್ಮಿ ಅವರ ಕಾಲ ಬಳಿ ಮಂಡಿಯೂರಿದ್ದಳು. ಬರೆದಿಟ್ಟ ಮಾತು ಬೇಕಾಗಲಿಲ್ಲ. "ಮೇಡಂ... ನೀವು ಅವತ್ತು ನಮ್ಮಪ್ಪನ ಹತ್ರ, ಈ ಮನೆಯೋರ ಹತ್ರ ಮಾತಾಡಿ ಮದ್ವೆ ಮುಂದಕ್ಕೆ ಹಾಕಿಸ್ದೇ ಇದ್ದಿದ್ರೆ ನಾನು ಪರೀಕ್ಷೆ ಬರೀತಿರ್ಲಿಲ್ಲ. ಇವತ್ತು ನಲವತ್ತು ಮಕ್ಳು ನನ್ನ ಟೀಚರ್ ಅಂತಾವೆ ಮೇಡಂ... ಅದೆಲ್ಲಾ ನಿಮ್ದು..." ಎಂದು ಪಾದ ಮುಟ್ಟಲು ಬಾಗಿದಳು.

ರಾಮಲಕ್ಷ್ಮಮ್ಮ ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ತಡಿಯಮ್ಮ. ನಂದಲ್ಲದ ನಮಸ್ಕಾರ ನಾನು ತಗೊಳ್ಳಲ್ಲ." ಅವರ ದೃಷ್ಟಿ ಜಗಲಿಯ ಆ ತುದಿಗೆ ಹೋಯಿತು. "ನಿಮ್ಮಪ್ಪ ಮಜ್ಜಿಗೆ ಕೊಟ್ಟು, 'ನಮ್ಮ ಹುಡ್ಗಿ ವಿಷಯ ನಿಮಗ್ಯಾಕೆ' ಅಂತ ಕಳಿಸಿಬಿಟ್ರು. ಇದೇ ಜಗಲೀಗೂ ಬಂದೆ. ನಿಮ್ಮತ್ತೆ ಕೂತ್ಕೊ ಅಂತಲೂ ಅನ್ನದೆ ಬೈದು ಅಟ್ಟಿದ್ರು. ನಾನು ಸೋತೇ ಹೋಗಿದ್ದೆ, ಮುನಿಲಕ್ಷ್ಮಿ. ಆದ್ರೆ ಮಾರನೇ ದಿನ ಸ್ಟಾಫ್ ರೂಮ್ ಬಾಗಿಲಲ್ಲಿ ಬರಿಗಾಲಲ್ಲಿ ಬಂದು ನಿಂತೋರು ಯಾರು ಗೊತ್ತಾ? ಇವ್ರೇ, ನಿಮ್ಮತ್ತೆ. 'ಪರೀಕ್ಷೆ ಯಾವಾಗ ಮುಗೀತದೆ?' ಅಂತ ಒಂದೇ ಮಾತು. ಹೇಳಿದೆ. 'ನಾನು ಬಂದಿದ್ದು ಯಾರಿಗೂ ಹೇಳ್ಬೇಡ್ರಿ' ಅಂತ ಕೈ ಮೇಲೆ ಭಾಷೆ ತಗೊಂಡು ಹೋದ್ರು. ವಾರದಲ್ಲಿ ಮದುವೆ ಮುಂದಕ್ಕೆ ಹೋಯ್ತು. ಹೇಗೆ ಅಂತ ನಂಗೂ ಇವತ್ತಿನವರೆಗೆ ಗೊತ್ತಿಲ್ಲ. ಇಷ್ಟು ವರ್ಷ ಭಾಷೆ ಉಳಿಸ್ಕೊಂಡೆ. ಇವ್ರ ಎದುರಿಗೇ ನೀನು ನನ್ನ ಕಾಲಿಗೆ ಬಿದ್ರೆ ಹೇಗಮ್ಮ ಸುಮ್ನಿರ್ಲಿ?"

ಮುನಿಲಕ್ಷ್ಮಿ ಅತ್ತೆಯ ಕಡೆ ತಿರುಗಿದಳು. ಆ ಹದ್ದಿನ ಕಣ್ಣು ಅವಳನ್ನು ನೋಡುತ್ತಿರಲಿಲ್ಲ.

"ಅತ್ತೆ... ನಿಜಾನಾ? ಗಂಗಮ್ಮ ಎಡಗಡೆ ಹೂವು ಕೊಟ್ಟಳು, ಅದಕ್ಕೇ ಮಾಘದಲ್ಲಿ ಬೇಡ ಅಂದ್ರು ಅಂತ ಅಪ್ಪ ಹೇಳಿದ್ದು. ಮೇಡಂ ಮಾತಿಗೆ ಸೋತು, ಮಾನ ಉಳಿಸ್ಕೊಳ್ಳಕ್ಕೆ ನೀವೆಲ್ಲ ಹಂಗಂದ್ರಿ ಅನ್ಕೊಂಡಿದ್ದೆ..."

ಊರಿನಲ್ಲಿ ಯಾವ ಶುಭಕಾರ್ಯಕ್ಕೂ ಮೊದಲು ಗಂಗಮ್ಮನ ಗುಡಿಯಲ್ಲಿ ಹೂವು ಕೇಳುವುದುಂಟು. ವಿಗ್ರಹಕ್ಕೆ ಒದ್ದೆ ಹೂವು ಅಂಟಿಸಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ತಾಯಿಯ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡವೆಂದು ಅರ್ಥ. ಆ ಮಾತಿಗೆ ಎದುರಾಡುವ ಗಂಡಸು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ.

"ಎಡಕ್ಕೆ ಬೀಳ್ಲಿಲ್ಲ..." ಮುನಿಶಾಮಮ್ಮನ ದನಿ ಯಾರದೋ ದನಿಯಂತೆ ಹೊರಟಿತು. "ಬಲಕ್ಕೇ ಬಿತ್ತು. ಪೂಜಾರಿ ನೀರು ತರಕ್ಕೆ ಹೋಗಿದ್ದ. ನೋಡಿದೋಳು ನಾನೊಬ್ಳೇ. ಎತ್ತಿ ಎಡಕ್ಕಿಟ್ಟೆ."

"ಅಮ್ಮಾ!" ಎಂದ ಕಾಂತರಾಜ್.

"ಮಾಡ್ದೆ ಕಣೋ! ಅದಕ್ಕೆ ಮುಂಚಿನ ವರ್ಷ ನಿಮ್ಮಪ್ಪನ್ನ ಕೋಲಾರದ ಆಸ್ಪತ್ರೆಗೆ ಸೇರಿಸಿದ್ದಾಗ ಚೀಟಿ ಹಿಡ್ಕೊಂಡು, ಇದರಲ್ಲಿ ಏನ್ ಬರೆದವ್ರೆ ಅಂತ ಬಾಗಿಲು ಬಾಗಿಲಿಗೂ ಕೇಳ್ದೆ. ಒಬ್ಬ ನಕ್ಕ. ನನ್ನ ಮನೇಲಿ ಓದೋಳು ಒಬ್ಳು ಇರ್ಲಿ ಅನ್ನಿಸ್ತು. ಬಾಯಿಬಿಟ್ಟು ಹೇಳಿದ್ರೆ ಯಾವ ಗಂಡಸು ಕೇಳ್ತಾನೆ? ತಾಯಿ ಹೆಸರಲ್ಲಿ ಸುಳ್ಳಾಡ್ದೆ..." ಮುದುಕಿ ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟಳು. "ಮದ್ವೆಯಾದ ವರ್ಷಕ್ಕೇ ನಿಮ್ಮಪ್ಪ ಹೋದ. ಇವಳಿಗೆ ಎರಡು ಸಲ ಬಸಿರು ನಿಂತಿದ್ದು ಇಳೀತು. ಗಂಗಮ್ಮ ಬಡ್ಡಿ ಸಮೇತ ತಗೊಂಡ್ಳು ಅನ್ಕೊಂಡೆ. ಇವಳ ಕೈಲಿ ಪುಸ್ತಕ ನೋಡ್ದಾಗೆಲ್ಲ ನಂಗೆ ಆ ಹೂವೇ ಕಾಣ್ಸೋದು. ಎದೆ ಉರೀತಿತ್ತು... ಬೈದ್ಬಿಡ್ತಿದ್ದೆ. ನಿನ್ನ ಮಡಿಲು ಬರಿದು ಮಾಡಿದೋಳು ನಾನೇ ಕಣೇ..."

ಮುನಿಲಕ್ಷ್ಮಿಗೆ ತಾನು ಹಿತ್ತಲಲ್ಲಿ ಅತ್ತ ಸಂಜೆಗಳೆಲ್ಲ ಒಟ್ಟಿಗೆ ನೆನಪಾದವು. ಅವೇನೂ ಸುಳ್ಳಾಗಲಿಲ್ಲ. ಬೈಗುಳದ ಗಾಯ ಗಾಯವೇ. ಆದರೆ ಅದೇ ಬಾಯಿ ತನಗಾಗಿ, ಇನ್ನೂ ಮನೆ ಸೊಸೆಯಾಗಿ ಬಾರದ ಹುಡುಗಿಗಾಗಿ, ದೇವರೆದುರು ಒಂದು ಸುಳ್ಳಾಡಿ ಇಪ್ಪತ್ತೆಂಟು ವರ್ಷ ಅದರ ಭಯವನ್ನು ಒಂಟಿಯಾಗಿ ನುಂಗಿತ್ತಲ್ಲ...! ತಾನು ಇಷ್ಟು ದಿನ ಯಾರಿಗೋ ಹೇಳಬೇಕೆಂದು ಕೂಡಿಟ್ಟ ಮಾತು ಇದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಉಣ್ಣುವ ಜೀವಕ್ಕೆ ಸೇರಬೇಕಾಗಿತ್ತಲ್ಲ! ಅವಳು ಮಂಡಿಯಲ್ಲೇ ಸರಿದು ಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಸುಳ್ಳು ನಿಮ್ದಿರಬಹುದು ಅತ್ತೆ, ಅದರ ಅನ್ನ ತಿಂದೋಳು ನಾನು. ಮಂಗಳವಾರ ಗುಡಿಗೆ ಹೋಗಣ. ತಪ್ಪುಕಾಣಿಕೆ ನಾನು ಕಟ್ತೀನಿ. ಆ ತಾಯಿ ಕೇಳೋದಿದ್ರೆ ಇಬ್ಬರನ್ನೂ ಕೇಳ್ಲಿ. ನೀವೊಬ್ರೇ ಯಾಕೆ ನಿಂತ್ಕೋಬೇಕು?"

"ತಾಯಿಗೆ ಕೋಪ ಇದ್ದಿದ್ರೆ ಸಹನ ಅಂಥ ಮಗು ಕೊಡ್ತಿದ್ಲಾ ಅಜ್ಜಿ," ಎಂದು ಶ್ರೀವಾಣಿ ಮೂಗೊರೆಸಿಕೊಂಡಳು. "ನರ್ಸಾಗಿ ಹೇಳ್ತೀನಿ ಕೇಳಿ. ನಿಂತಿದ್ದು ಇಳಿಯೋದು ರಕ್ತ ಕಮ್ಮಿ ಇದ್ರೂ ಆಗ್ತದೆ, ವಯಸ್ಸು ಚಿಕ್ಕದಾದ್ರೂ ಆಗ್ತದೆ. ಹೂವಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ."

ಮುನಿಶಾಮಮ್ಮ ಅತ್ತಳು. ಗಂಡ ಸತ್ತಾಗಲೂ ಜನರೆದುರು ಹೀಗೆ ಅತ್ತವಳಲ್ಲ. ಸೊಸೆಯ ಹೆಗಲ ಮೇಲಿನ ಟವೆಲನ್ನೇ ಎಳೆದುಕೊಂಡು ಮುಖ ಒತ್ತಿಕೊಂಡು ಮಗುವಿನ ಹಾಗೆ ಬಿಕ್ಕಿದಳು. ಉಮಾಶಂಕರ ತಲೆ ಬಗ್ಗಿಸಿ ಎರಡು ಪಟ್ಟು ಜೋರಾಗಿ ಹುಳು ಆಯತೊಡಗಿದ. ಸ್ವಲ್ಪ ಹೊತ್ತಿಗೆ ಮುದುಕಿಯೇ ಮುಖವೆತ್ತಿ, "ಏನ್ ನೋಡ್ತಾ ಕೂತ್ರಿ? ಹುಳ ಕಾಯ್ತಾವಾ?" ಎಂದು ಗದರಿದಳು. ಆ ಗದರಿಕೆ ಕೇಳಿ ಎಲ್ಲರಿಗೂ ಹಗುರವಾಯಿತು.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಕೊನೆಯ ಚಂದ್ರಿಕೆಯೂ ತುಂಬುತ್ತ ಬಂತು. ಮುನಿಲಕ್ಷ್ಮಿ ಚಿತ್ರಾನ್ನ ಕಲೆಸಿ ತಂದಳು. ಎಲ್ಲರೂ ಸಾಲಾಗಿ ಕೂತು, ಹೈಸ್ಕೂಲಿನ ಹಾಗೇ ಒಬ್ಬರ ತಟ್ಟೆಯ ಕಡಲೆಬೀಜ ಒಬ್ಬರು ಕದ್ದು ತಿಂದರು. ಮುನಿಶಾಮಮ್ಮ ಊಟಕ್ಕೆ ಏಳಲಿಲ್ಲ. ಮೇಡಮ್ಮಿನ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತು, ಉಳಿದ ಹುಳುಗಳನ್ನು ಹೆಬ್ಬೆಟ್ಟು ತೋರುಬೆರಳಿನ ನಡುವೆ ಮೆತ್ತಗೆ ಎತ್ತಿ ಬಿಡುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಲೇ... ಅವತ್ತು ಆ ಪರೀಕ್ಷೇಲಿ ಎಷ್ಟು ನಂಬರ್ ಬಂದಿತ್ತೇ ನಿಂಗೆ?"

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮುನಿಲಕ್ಷ್ಮಿ ಚಿತ್ರಾನ್ನದ ತಟ್ಟೆ ಕೆಳಗಿಟ್ಟಳು.

"ನಾನೂರ ಹನ್ನೊಂದು, ಅತ್ತೆ."

"ಎಷ್ಟಕ್ಕೆ?"

"ಆರುನೂರ ಇಪ್ಪತ್ತೈದಕ್ಕೆ."

ಮುನಿಶಾಮಮ್ಮ ಒಂದು ಗಳಿಗೆ ಯೋಚಿಸಿದಳು. ಅಷ್ಟು ದೊಡ್ಡ ಲೆಕ್ಕ ಅವಳಿಗೆ ಹತ್ತಲಿಲ್ಲ. ಕುರ್ಚಿಯ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸದಂತೆ ದನಿ ತಗ್ಗಿಸಿ ಕೇಳಿದಳು:

"ಅದು ಜಾಸ್ತೀನಾ, ಮೇಡಮ್ಮ?"

ರಾಮಲಕ್ಷ್ಮಮ್ಮ ಮೇಡಂ ಬಾಗಿ ಅವಳ ಹೆಗಲ ಮೇಲೆ ಕೈಯಿಟ್ಟರು. "ಜಾಸ್ತೀನೇ, ಮುನಿಶಾಮಮ್ಮ. ತುಂಬ ಜಾಸ್ತಿ."

"ಹ್ಞೂಂ," ಎಂದಳು ಮುನಿಶಾಮಮ್ಮ, ಮತ್ತೊಂದು ಹುಳುವಿಗೆ ಕೈ ಚಾಚಿದಳು.